ಇಮೆಲ್ಡಾ ಆಂಟಿಗೆ ಕೊಟ್ಟ ಮಾತು

"ಏಯ್, ಯಾರು ನೀವು? ಗಿಡಕ್ಕೆ ಕತ್ತರಿ ಹಾಕ್ಲಿಕ್ಕೆ ಯಾರ ಹತ್ರ ಕೇಳಿದ್ರಿ?"

ಆಶ್ರಿತಾ ಬೆಚ್ಚಿ ತಿರುಗಿದಳು. ಕಟಪಾಡಿಯ ಹತ್ತಿರದ ಆ ಮಲ್ಲಿಗೆ ತೋಟದಲ್ಲಿ ಎತ್ತರದ ಯುವಕನೊಬ್ಬ ಕಣ್ಣು ಕೆಂಪು ಮಾಡಿ ನಿಂತಿದ್ದ.

"ನಾನು ಮಣಿಪಾಲದಿಂದ... ಸಸ್ಯರೋಗದ ಬಗ್ಗೆ ಸಂಶೋಧನೆ ಮಾಡ್ತೇನೆ. ನಿಮ್ಮ ಅಮ್ಮನೇ ಬರ್ಲಿಕ್ಕೆ ಹೇಳಿದ್ದು."

"ಹೌದು ಜೋವಿನ್, ನಾನೇ ಹೇಳಿದ್ದು!" ಮೊಗ್ಗು ಕೊಯ್ಯುತ್ತಿದ್ದ ಇಮೆಲ್ಡಾ ನಕ್ಕರು. "ಬಜಗೋಳಿಯ ಹುಡುಗಿ, ಪಾಪ. ಹೆದರಿಸಬೇಡ ಮಾರಾಯ."

ಜೋವಿನ್ ನಾಚಿ ತಲೆ ತುರಿಸಿಕೊಂಡ. ಆಶ್ರಿತಾಳಿಗೆ ನಗು ತಡೆಯಲಾಗಲಿಲ್ಲ.

ಆಮೇಲೆ ಮಣ್ಣಿನ ಮಾದರಿಗೆಂದು ಬರುತ್ತಿದ್ದವಳು ಇಮೆಲ್ಡಾ ಮಾಡುವ ಚಹಾಕ್ಕೂ ಉಳಿಯತೊಡಗಿದಳು. ಅವಳನ್ನು ಬಸ್ ಹತ್ತಿಸಲು ಹೊರಟ ಜೋವಿನ್‌ನ ಬೈಕ್ ಕಾಪುವಿನ ಸಮುದ್ರದ ಕಡೆಗೆ ತಿರುಗತೊಡಗಿತು. ಅಲ್ಲಿ ಬಂಡೆಯ ಮೇಲೆ ಕುಳಿತು ಅವನು, "ನಿಮ್ಮ ಮನೆಯಲ್ಲಿ ನಾನೇ ಬಂದು ಮಾತಾಡ್ತೇನೆ" ಎಂದ ದಿನ, ತನ್ನಷ್ಟು ಸುಖಿ ಲೋಕದಲ್ಲೇ ಯಾರೂ ಇಲ್ಲ ಅನ್ನಿಸಿತ್ತು ಅವಳಿಗೆ.

ಆ ಸುಖ ಪ್ರಯೋಗಾಲಯದ ಫಲಿತಾಂಶ ಬರುವ ತನಕ ಮಾತ್ರ...

ಬೇರು ಕೊಳೆಯುವ ರೋಗ! ಅದೂ ಜೋವಿನ್‌ನ ತೋಟದಿಂದಲೇ ಶುರು. ಇಮೆಲ್ಡಾ ಬೇರು ಬರಿಸಿ, ನೆಡಲೆಂದು ಪ್ರೀತಿಯಿಂದ ಹಂಚಿದ ಗೆಲ್ಲುಗಳ ಜೊತೆ ಅದು ನೆರೆಮನೆಗಳಿಗೂ ಹೋಗಿತ್ತು. ಗಿಡಗಳನ್ನು ಕಿತ್ತು ಸುಡುವುದೊಂದೇ ದಾರಿ.

ಆಶ್ರಿತಾ ಮೊದಲು ಹೇಳಿದ್ದು ಇಮೆಲ್ಡಾರಿಗೆ. ಅವರು ಮೊಗ್ಗಿನ ಬುಟ್ಟಿ ಕೆಳಗಿಟ್ಟರು.

"ನಮ್ಮ ತೋಟದ ಹೆಸರು ಹೇಳಿಯೇ ಎಲ್ಲರಿಗೂ ತಿಳಿಸು ಮಗಾ. ನಾವು ಸುಟ್ಟರೆ ಮಾತ್ರ ಬೇರೆಯವರೂ ಸುಡ್ತಾರೆ. ಆದ್ರೆ ನಾನು ಹೇಳಿದ್ದು ಅಂತ ಜೋವಿನ್‌ಗೆ ಗೊತ್ತಾಗುವುದು ಬೇಡ. ತೀರಿಹೋದ ಅಪ್ಪ ನೆಟ್ಟ ಗಿಡ ಅಂತ ಜೀವ ಇಟ್ಟಿದ್ದಾನೆ. ಮತ್ತೆ ನನ್ನ ಮುಖ ನೋಡ್ಲಿಕ್ಕಿಲ್ಲ ಅವ."

"ಹೇಳುವುದಿಲ್ಲ ಆಂಟಿ."

ಆ ಮಾತಿಗೆ ತಾನು ಏನನ್ನು ತೆರಬೇಕಾದೀತೆಂದು ಆಗ ಅವಳಿಗೆ ತಿಳಿದಿರಲಿಲ್ಲ.

ಆ ತೋಟದ ಹೆಸರು ಹೇಳಿಯೇ ಆಶ್ರಿತಾ ಊರಿಗೆಲ್ಲ ತಿಳಿಸಿದಳು, ಪೇಪರಿನಲ್ಲೂ ಬಂತು, ಗಿಡಗಳು ಉರಿದವು. ತೋಟದ ಬೆಂಕಿ ಆರುವ ಮೊದಲೇ ಜೋವಿನ್ ಕೇಳಿದ. "ನಿನ್ನ ಹೆಸರು ಪೇಪರಿನಲ್ಲಿ ಬರ್ಲಿಕ್ಕೆ ನನ್ನ ಅಪ್ಪನ ತೋಟವೇ ಬೇಕಿತ್ತಾ?"

'ಹೇಳಿಬಿಡಲೇ...?' ಅವನ ಹಿಂದೆ ಇಮೆಲ್ಡಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದರು. ಆಶ್ರಿತಾ ಚೀಲ ಎತ್ತಿಕೊಂಡು ಗೇಟಿನತ್ತ ನಡೆದಳು.

ಮರುವರ್ಷ ಇಮೆಲ್ಡಾ ಹೃದಯಾಘಾತದಿಂದ ತೀರಿಕೊಂಡರು. ಅಂತ್ಯಕ್ರಿಯೆಯ ಪ್ರಾರ್ಥನೆಗೆ ಬಂದ ಆಶ್ರಿತಾಳಿಗೆ ಇಗರ್ಜಿಯ ಬಾಗಿಲಲ್ಲಿ ಜೋವಿನ್ ಅಡ್ಡ ನಿಂತ.

"ತೋಟದ ಜೊತೆಗೇ ಮಮ್ಮಿಯ ಜೀವವೂ ಹೋಯಿತು. ನೀನು ಒಳಗೆ ಬರಬೇಡ!"

ಅವಳು ಹಿಂದೆ ಸರಿದಳು. ರಸ್ತೆಯಾಚೆ ನಿಂತು, ಶವಪೆಟ್ಟಿಗೆ ಸ್ಮಶಾನದತ್ತ ಸಾಗುವುದನ್ನು ನೋಡಿದಳು. ಆಮೇಲೆ ಅವನು ಕೆಲಸ ಹುಡುಕಿಕೊಂಡು ಕುವೈತ್‌ಗೆ ಹೊರಟುಹೋದ.

ಅವಳಿಗೆ ಉಳಿದದ್ದು ಕೆಲಸವೊಂದೇ. ರೋಗವಿಲ್ಲದ ಮಲ್ಲಿಗೆ ಗಿಡಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ತೋಟ ಕಳೆದುಕೊಂಡವರ ಮನೆಗೆ ತಾನೇ ಮುಟ್ಟಿಸಿದಳು. ವರ್ಷಗಳು ಕಳೆದಂತೆ ಕಾಪುವಿನಿಂದ ಕಾರ್ಕಳದವರೆಗೆ ಅಂಗಳಗಳು ಹೂಬಿಟ್ಟವು. ಎಲ್ಲೆಲ್ಲೂ ಸನ್ಮಾನ, ಭಾಷಣ... ಆದರೆ ಕೊರಳಿಗೆ ಬಿದ್ದ ಮಲ್ಲಿಗೆ ಮಾಲೆಯನ್ನು ಅವಳು ತಕ್ಷಣವೇ ತೆಗೆದು ಪಕ್ಕಕ್ಕಿಡುತ್ತಿದ್ದಳು.

ಒಮ್ಮೆ ರಜೆಗೆ ಬಂದ ಜೋವಿನ್, ಚಿಕ್ಕಮ್ಮ ರೋಸಲಿನ್‌ರ ಅಂಗಳದ ತುಂಬ ಮಲ್ಲಿಗೆ ಕಂಡು ದಂಗಾದ.

"ಆಶ್ರಿತಾ ಕೊಟ್ಟ ಗಿಡ" ಎಂದರು ರೋಸಲಿನ್.

"ಅವಳ ಹೆಸರು ಎತ್ತಬೇಡಿ!"

"ಸಾಕು ಜೋವಿನ್! ಫೋನಿನಲ್ಲೂ ಹೀಗೇ ನನ್ನ ಬಾಯಿ ಮುಚ್ಚಿಸಿದೆ. ತೋಟದ ರೋಗದ ವಿಷಯ ಎಲ್ಲರಿಗೂ ತಿಳಿಸಲು ಹೇಳಿದ್ದೇ ನಿನ್ನ ಮಮ್ಮಿ. ಆ ಹುಡುಗಿಯ ಬಾಯಿ ಕಟ್ಟಿದ್ದೂ ಅವಳೇ. ನಿನ್ನ ಮಮ್ಮಿ ನನ್ನ ಹತ್ರ ಹೇಳಿ ಎಷ್ಟು ಅತ್ತಿದ್ದಾಳೆ ಗೊತ್ತುಂಟಾ?"

ಅಂದೇ ಸಂಜೆ ಮಣಿಪಾಲದ ಪ್ರಯೋಗಾಲಯದ ಬಾಗಿಲಲ್ಲಿ ಅವನನ್ನು ಕಂಡು ಆಶ್ರಿತಾ ಎದ್ದು ನಿಂತಳು.

"ಯಾಕೆ ಹೇಳಲಿಲ್ಲ?" ಎಂದ ಅವನು.

"ಹೇಳಿದ್ದರೆ ನೀನು ಆಂಟಿಯನ್ನು ಬಿಡ್ತಿದ್ದೆ. ಅವರಿಗೆ ಇದ್ದದ್ದು ನೀನೊಬ್ಬ. ನನ್ನನ್ನು ಬಿಟ್ಟರೆ ಪರವಾಗಿಲ್ಲ ಅಂದುಕೊಂಡೆ..." ಅವಳ ಕಣ್ಣು ತುಂಬಿತು. "ಪರವಾಗಿಲ್ಲ ಅಂತ ಆಗ್ಲೇ ಇಲ್ಲ ಜೋವಿನ್. ಕೊನೆಗೊಮ್ಮೆ ಅವರ ಮುಖ ನೋಡ್ಲಿಕ್ಕೂ ನೀನು ಬಿಡ್ಲಿಲ್ಲ."

ಅವನು ಬಾಗಿಲಿಗೆ ಒರಗಿ ಅತ್ತ. ಮಗುವಿನಂತೆ ಅತ್ತ.

"ಕ್ಷಮೆ ಕೇಳ್ಲಿಕ್ಕೂ ನನಗೆ ಮುಖ ಇಲ್ಲ. ನಾನು ಈಗಲೂ ನಿನ್ನನ್ನೇ ಪ್ರೀತಿಸ್ತೇನೆ. ನಿನಗೆ... ಇನ್ನೂ ಪ್ರೀತಿ ಉಂಟಾ?"

"ಉಂಟು" ಎಂದಳು ಆಶ್ರಿತಾ. "ಅದೇ ಕಷ್ಟ."

ಅವನು ಕೈ ಚಾಚಿದ. ಅವಳು ಹಿಡಿಯಲಿಲ್ಲ. ಪಕ್ಕದ ಕುರ್ಚಿ ಎಳೆದು ಕೊಟ್ಟಳು.

"ಇವತ್ತು ಎಂತದೂ ಕೇಳಬೇಡ ಮಾರಾಯ. ಸುಮ್ಮನೆ ಕೂತ್ಕೊ."

"ನಾಳೆ ಬರ್ಲಾ?"

"ಬಾ."