ಕಿಡಿ ಕದ್ದವರು ಯಾರು?

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಫಿನ್ಲೊ ಕ್ವಾಲ್ಟ್ರೊ ಮನೆಯ ಹಿಂದಿನ ಶೆಡ್ಡಿನ ಬೀಗ ತೆಗೆದು ಒಳಗೆ ಹೋದ. ಗಾಡಿಯ ಮೇಲಿನ ಹೊದಿಕೆ ಎಳೆದು ಮಡಚಿಟ್ಟ. ಎಣ್ಣೆಯ ನಲ್ಲಿ ತಿರುಗಿಸಿದ. ಪೆಟ್ರೋಲಿನ ನಲ್ಲಿ ತಿರುಗಿಸಿದ. ಕಾರ್ಬುರೇಟರಿನ ಗುಂಡಿ ಒತ್ತಲು ಬಗ್ಗಿದವನು ಬಗ್ಗಿದಂತೆಯೇ ನಿಂತುಬಿಟ್ಟ.

ಎಂಜಿನ್ನಿನ ಹಿಂದೆ ಅಂಗೈಯಗಲದ ಜಾಗ ಖಾಲಿಯಾಗಿತ್ತು.

ಮ್ಯಾಗ್ನೆಟೊ ಇರಲಿಲ್ಲ.

ಗಾಡಿ ೧೯೨೯ರ ಕ್ಯಾಲ್ಡರ್ ಮೋಟಾರ್ ಬೈಕ್. ಐನೂರು ಸಿ.ಸಿ., ಒಂದೇ ಸಿಲಿಂಡರ್. ಕಾರ್ಖಾನೆ ಎರಡು ವರ್ಷ ನಡೆದು ಮುಚ್ಚಿಹೋಗಿತ್ತು. ಉಳಿದಿರುವ ಗಾಡಿಗಳು ಎರಡೇ ಎಂದು ಬಲ್ಲವರು ಹೇಳುತ್ತಿದ್ದರು. ಎರಡೂ ಮ್ಯಾನ್ ದ್ವೀಪದ ಪೀಲ್ ಊರಿನಲ್ಲೇ ಇದ್ದವು. ಓಡುವಂಥದ್ದು ಫಿನ್ಲೊನದು. ಇನ್ನೊಂದು ಮೇಲಿನ ಬೀದಿಯ ಸೆಸಿಲ್ ಕಾರ್ಲೆಟ್‌ನದು, ಬರೀ ಬಿಡಿಭಾಗಗಳ ರಾಶಿ. ಮ್ಯಾಗ್ನೆಟೊ ಅಂದರೆ ಎಂಜಿನ್ನಿಗೆ ಕಿಡಿ ಕೊಡುವ ಪೆಟ್ಟಿಗೆ. ಕ್ಯಾಲ್ಡರಿನದು ಅದಕ್ಕೆಂದೇ ಮಾಡಿಸಿದ್ದು. ಬೇರೆ ಯಾವುದೂ ಅಲ್ಲಿ ಕೂರುವುದಿಲ್ಲ.

ಮರುದಿನ ಮಧ್ಯಾಹ್ನ ಕೊಳ್ಳುವವನು ಬರುವವನಿದ್ದ. ಎಂಜಿನ್ನಿನ ಸದ್ದು ಕೇಳದೆ ಕೊಳ್ಳುವುದಿಲ್ಲ ಎಂದು ಅವನು ಮೊದಲೇ ಹೇಳಿದ್ದ.

ಫಿನ್ಲೊ ಮಾಡಿದ ಮೊದಲ ಕೆಲಸ ಕಾರ್ಲೆಟ್‌ನ ಬಾಗಿಲಿಗೆ ಹೋಗಿ ಕೂಗಾಡಿದ್ದು. ಎರಡನೆಯದು ವೋರಿ ಟಿಯರ್‌ಗೆ ಫೋನ್ ಮಾಡಿದ್ದು.

ವೋರಿ ಇಪ್ಪತ್ತಾರು ವರ್ಷ ದ್ವೀಪದ ಪೊಲೀಸ್ ಇಲಾಖೆಯಲ್ಲಿದ್ದು ಸಾರ್ಜೆಂಟ್ ಆಗಿ ನಿವೃತ್ತಳಾದವಳು. ಈಗ ಹಳೆ ಗಾಡಿಗಳ ಸಂಘದ ದಾಖಲೆಗಳನ್ನು ನೋಡಿಕೊಳ್ಳುತ್ತಿದ್ದಳು. ಗಂಡ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮನೆಯಲ್ಲಿ ರೇಡಿಯೋ ಬಿಟ್ಟರೆ ಮಾತಾಡುವವರಿಲ್ಲ. ಫೋನ್ ಒಂದು ಸಲ ಬಡಿದುಕೊಳ್ಳುವಷ್ಟರಲ್ಲೇ ಎತ್ತಿದ್ದಳು. ಹತ್ತು ನಿಮಿಷದಲ್ಲಿ ಶೆಡ್ಡಿನಲ್ಲಿದ್ದಳು.

"ಪೊಲೀಸರಿಗೆ ಹೇಳಿದ್ರಾ?"

"ನಿನಗೆ ಹೇಳಿದೆನಲ್ಲ."

"ನಾನು ರಿಟೈರ್ ಆಗಿ ಮೂರು ವರ್ಷ ಆಯ್ತು, ಫಿನ್ಲೊ."

"ಮ್ಯಾಗ್ನೆಟೊ ಅಂದ್ರೇನು ಅಂತ ಅವರಿಗೆ ಹೇಳಿ ಮುಗಿಸೋದ್ರೊಳಗೆ ಶನಿವಾರ ಕಳೆದುಹೋಗಿರುತ್ತೆ ಕಣಮ್ಮ."

"ಬೀಗ ಒಡೆದಿತ್ತಾ?"

"ಇಲ್ಲ. ಬೀಗದ ಕೈ ಹೂಕುಂಡದ ಕೆಳಗೇ ಇತ್ತು."

"ಅಲ್ಲಿರೋದು ಯಾರಿಗೆಲ್ಲ ಗೊತ್ತು?"

"ಪೀಲ್‌ನಲ್ಲಿ ಯಾರಿಗೆ ಗೊತ್ತಿಲ್ಲ ಅಂತ ಕೇಳು."

"ಮ್ಯಾಗ್ನೆಟೊ ಕೊನೇ ಸಲ ನೋಡಿದ್ದು?"

"ಬುಧವಾರ. ಗ್ರಿಮ್‌ಶಾ ಬಂದಿದ್ದ — ಗಾಡಿ ಕೊಳ್ಳೋನು. ಫೋಟೊ ತೆಗೆದ. ಆಗ ಇತ್ತು. ನಿನ್ನೆ ಪೂರ್ತಿ ನಾನು ಡಗ್ಲಸ್‌ನಲ್ಲಿ, ಡಾಕ್ಟರ ಹತ್ತಿರ. ಈ ಮೊಣಕಾಲು."

"ಇವತ್ತು ಗಾಡೀನ ಒದ್ದು ನೋಡಿದ್ರಾ? ತಳ್ಳಿದ್ರಾ?"

"ಒದೆಯೋಕೆ ಅಲ್ಲೇನಿದೆ? ನಲ್ಲಿ ಎರಡು ಬಿಟ್ಟು ಏನೂ ಮುಟ್ಟಿಲ್ಲ."

ವೋರಿ ನೆಲದ ಮೇಲೆ ಕೂತಳು. ಟಾರ್ಚು ಹಾಕಿ ನೋಡಿದಳು. ಮ್ಯಾಗ್ನೆಟೊ ಬಿಗಿದಿದ್ದ ಬೋಲ್ಟುಗಳು ನಾಲ್ಕೂ ತಮ್ಮ ತಮ್ಮ ತೂತಿನಲ್ಲೇ ಇದ್ದವು, ಕೈಯಲ್ಲಿ ತಿರುವಿ ಕೂರಿಸಿದಂತೆ. ಮ್ಯಾಗ್ನೆಟೊವನ್ನು ತಿರುಗಿಸುವ ಪುಟ್ಟ ಹಲ್ಲುಚಕ್ರ ಚೈನಿನಿಂದ ಜಾರದ ಹಾಗೆ ದಾರ ಕಟ್ಟಿತ್ತು. ತೆರೆದ ಜಾಗಕ್ಕೆ ಧೂಳು ಬೀಳದಂತೆ ಒಗೆದ ಬಟ್ಟೆ ತುರುಕಿತ್ತು.

ಹಿಂದಿನ ಚಕ್ರ ತಿರುಗಿಸಲು ನೋಡಿದಳು. ಅಲುಗಲಿಲ್ಲ.

"ಗೇರಿನಲ್ಲಿ ಇಟ್ಟಿದ್ದೀರಲ್ಲ?"

"ನಾನಾ? ಯಾವತ್ತೂ ಇಡಲ್ಲ."

ಅವಳು ಸ್ಪಾರ್ಕ್ ಪ್ಲಗ್ ಬಿಚ್ಚಿ, ತೂತಿನೊಳಗೆ ಪೆನ್ಸಿಲ್ ಇಳಿಬಿಟ್ಟಳು. ಅದರ ತುದಿ ಪಿಸ್ಟನ್ನಿಗೆ ತಾಗಿದಾಗ ತೂತಿನ ಬಾಯಿಗೆ ಸಮನಾಗಿ ಪೆನ್ಸಿಲಿನ ಮೇಲೊಂದು ಗೆರೆ ಹಾಕಿದಳು. ಚಕ್ರವನ್ನು ಬಲವಾಗಿ, ನಿಧಾನಕ್ಕೆ ತಿರುಗಿಸಿ ಪಿಸ್ಟನ್ ತೀರ ಮೇಲೆ ಬಂದಾಗ ಇನ್ನೊಂದು ಗೆರೆ ಹಾಕಿದಳು. ಪೆನ್ಸಿಲನ್ನು ಕೋಟಿನ ಜೇಬಿಗಿಟ್ಟುಕೊಂಡಳು.

"ಮ್ಯಾಗ್ನೆಟೊ ಕೂರಿಸುವಾಗ ಪಿಸ್ಟನ್ ಎಲ್ಲಿರಬೇಕು, ಫಿನ್ಲೊ?"

"ತುದಿಗಿಂತ ಅರ್ಧ ಇಂಚು ಕೆಳಗೆ ಅಂತ ಕೈಪಿಡೀಲಿದೆ. ನಾನು ಓಡಿಸೋನು ಕಣಮ್ಮ, ಬಿಚ್ಚೋನಲ್ಲ."

"ಮಾರಿದ ಮೇಲೆ ಏನು ಮಾಡ್ತೀರಿ?"

"ಮಂಗಳವಾರ ಹಡಗು. ಮೋರ್‌ಕ್ಯಾಂಬ್‌ನಲ್ಲಿ ತಂಗಿ ಇದ್ದಾಳೆ, ಅವಳ ಮನೇಲಿ ಮೆಟ್ಟಿಲಿಲ್ಲ." ಅವನು ಖಾಲಿ ಜಾಗವನ್ನೇ ನೋಡುತ್ತಿದ್ದ. "ಒದೆಯೋಕೆ ಕಾಲಿಲ್ಲದೋನು ಇಂಥ ಗಾಡಿ ಇಟ್ಕೊಂಡು ಏನು ಮಾಡಲಿ?"

*

ಸೆಸಿಲ್ ಕಾರ್ಲೆಟ್ ಶಾಲೆಯಲ್ಲಿ ಮರಗೆಲಸ ಕಲಿಸುವವನು; ಶುಕ್ರವಾರ ಅವನ ತರಗತಿ ಮಧ್ಯಾಹ್ನದ ಮೇಲೆ. ಬಾಗಿಲು ತೆರೆದವನ ಕಿವಿ ಇನ್ನೂ ಕೆಂಪಾಗಿತ್ತು.

"ಇಡೀ ಬೀದಿ ಕೇಳಿಸ್ಕೊಂಡಿದೆ, ವೋರಿ. ಕಳ್ಳ ಅಂದ. ಬನ್ನಿ, ಒಳಗೆ ಬಂದು ಹುಡುಕಿ."

"ಹುಡುಕೋಕೆ ಬಂದಿಲ್ಲ. ನಿಮಗೂ ಅದೇ ಮ್ಯಾಗ್ನೆಟೊ ಬೇಕಿತ್ತಲ್ವಾ?"

"ಒಂಬತ್ತು ವರ್ಷದಿಂದ ಹುಡುಕ್ತಿದ್ದೀನಿ. ಅದಕ್ಕೇ ನಾನು ಕದ್ದೆ ಅಂತಾನಾ? ಕದ್ದು ಹಾಕ್ಕೊಂಡ್ರೆ ಗಾಡಿ ಹೊರಗೆ ತೆಗೆಯೋ ಹಾಗಿದ್ಯಾ? ಮೊದಲನೇ ಸಲ ಶುರು ಮಾಡಿದ ದಿನವೇ ಸಿಕ್ಕಿಬೀಳ್ತೀನಿ."

"ನಿನ್ನೆ ಎಲ್ಲಿದ್ರಿ?"

"ನಾಲ್ಕರ ತನಕ ಶಾಲೆ. ಆಮೇಲೆ ಇಲ್ಲೇ. ಒಬ್ಬನೇ. ಸಾಕ್ಷಿ ಇಲ್ಲ."

"ಕ್ಯಾಲ್ಡರಿಗೆ ಕಿಡಿ ಬೀಳೋವಾಗ ಪಿಸ್ಟನ್ ಎಲ್ಲಿರಬೇಕು?"

"ಅರ್ಧ ಇಂಚು. ಪುಸ್ತಕದಲ್ಲಿದೆ. ಯಾಕೆ?"

"ಸುಮ್ಮನೆ."

ಅವಳು ಮೆಟ್ಟಿಲಿಳಿಯುವಾಗ ಕಾರ್ಲೆಟ್ ಹಿಂದಿನಿಂದ ಹೇಳಿದ: "ಆ ಎಂಜಿನ್ ಸದ್ದು ಹತ್ತಿರದಿಂದ ಒಂದೇ ಒಂದು ಸಲ ಕೇಳಬೇಕು ಅಂತಿತ್ತು. ಒಂಬತ್ತು ವರ್ಷದಲ್ಲಿ ಬಾ ಅಂತ ಕರೆದಿಲ್ಲ ಅವನು."

ಗ್ರಿಮ್‌ಶಾ ಬಂದರಿನ ಪಕ್ಕದ ಹೋಟೆಲಿನಲ್ಲಿ ಚಿಪ್ಸ್ ಮೇಲೆ ಚೀಸು, ಗ್ರೇವಿ ಸುರಿಸಿಕೊಂಡು ತಿನ್ನುತ್ತಿದ್ದ. ಲ್ಯಾಂಕಷೈರಿನ ವ್ಯಾಪಾರಿ. ನಗುನಗುತ್ತಲೇ ಮಾತಾಡುವವನು.

"ಬೆಲೆ ಇಳಿಸೋಕೆ ನಾನೇ ಎತ್ತಿದೆ ಅಂತೀರಾ, ಮೇಡಂ?"

"ಎತ್ತಿದ್ರಾ?"

"ಮ್ಯಾಗ್ನೆಟೊ ಇಲ್ಲದ ಕ್ಯಾಲ್ಡರನ್ನ ನಾನು ಯಾರಿಗೆ ಮಾರಲಿ? ಓಡುತ್ತೆ ಅಂತಲೇ ಇಷ್ಟು ದೂರ ಬಂದಿದ್ದೀನಿ. ನಿನ್ನೆ ಇಡೀ ದಿನ ರಾಮ್ಸಿ ಊರಿನಲ್ಲಿ ಇನ್ನೊಂದು ಗಾಡಿ ನೋಡ್ತಿದ್ದೆ. ಅವರನ್ನೇ ಕೇಳಿ."

ಕೇಳಿದಳು. ನಿಜವಾಗಿತ್ತು. ಕಿಡಿಯ ವಿಷಯಕ್ಕೆ ಗ್ರಿಮ್‌ಶಾ ಭುಜ ಕುಣಿಸಿದ: "ಅರ್ಧ ಇಂಚೋ ಏನೋ. ಅದನ್ನೆಲ್ಲ ನನ್ನ ಮೆಕ್ಯಾನಿಕ್ ನೋಡ್ಕೋತಾನೆ."

ಉಳಿದವನು ಜುವನ್ ಮಿಲ್ಕ್ರೀಸ್ಟ್. ಅವನನ್ನು ಯಾರೂ ಅನುಮಾನಿಸಿರಲಿಲ್ಲ. ಮೂವತ್ತೊಂದು ವರ್ಷದಿಂದ ಪ್ರತಿ ಗುರುವಾರ ಫಿನ್ಲೊನ ಶೆಡ್ಡಿಗೆ ಬಂದು, ಚಹಾ ಕುಡಿದು, ಎಂಜಿನ್ನಿನ ಕೆಲಸವೇನಿದ್ದರೂ ಮಾಡಿಕೊಟ್ಟು ಹೋಗುವ ಗೆಳೆಯ. ಮೀನಿಗೆ ಹೊಗೆ ಹಾಕುವ ಕಾರ್ಖಾನೆಯಲ್ಲಿ ದುಡಿದವನು. ಕೆಲಸ ಬಿಟ್ಟು ಎಂಟು ವರ್ಷವಾದರೂ ಕೋಟಿನಿಂದ ಓಕ್ ಮರದ ಹೊಗೆಯ ವಾಸನೆ ಹೋಗಿರಲಿಲ್ಲ. ವೋರಿ ಅವನ ಮನೆಗೆ ಹೋದಾಗ ಒಲೆಯ ಮೇಲೆ ಎರಡು ಹೊಗೆಮೀನು ಬೇಯುತ್ತಿದ್ದವು.

"ಯಾರಾದ್ರೂ ಊಟಕ್ಕೆ ಬರ್ತಿದ್ದಾರಾ?"

"ಯಾರು ಬರ್ತಾರೆ? ಜೋಡಿಯಾಗೇ ಮಾರೋದಲ್ವಾ. ಕೂತ್ಕೋ, ಒಂದು ನಿನಗೆ."

ವೋರಿ ಕೂತಳು. ತಿಂದಳು. ಇನ್ನೊಬ್ಬರ ಕೈಯಡುಗೆ ತಿಂದು ತಿಂಗಳುಗಳೇ ಆಗಿದ್ದವು ಎಂಬುದು ಅವಳಿಗೆ ಆಗ ನೆನಪಾಯಿತು.

"ಫಿನ್ಲೊ ಹೋಗ್ತಾರೆ ಅಂತ ನಿಮಗೆ ಯಾವಾಗ ಹೇಳಿದ್ರು?"

"ಹೋದ ವಾರ. ನಾಳೆ ಮಂಜು ಬೀಳುತ್ತೆ ಅಂತ ಹೇಳ್ತಾರಲ್ಲ, ಹಾಗೆ ಹೇಳಿದ."

"ನೀವೇನಂದ್ರಿ?"

"ಸರಿ ಅಂದೆ."

"ಮ್ಯಾಗ್ನೆಟೊ ಸಿಗದಿದ್ರೆ?"

ಜುವನ್ ಮುಳ್ಳು ಬಿಡಿಸುತ್ತ ಕೂತ. "ಗಾಡಿ ಮಾರೋಕಾಗಲ್ಲ."

"ಸಿಕ್ಕಿದ್ರೂ ಅದನ್ನ ಸರಿಯಾಗಿ ಕೂರಿಸೋದು ಕಷ್ಟ ಅಂತಾರೆ?"

"ಕಷ್ಟ ಏನಿಲ್ಲ, ಅದರ ಸ್ವಭಾವ ಗೊತ್ತಿರಬೇಕು ಅಷ್ಟೇ." ಮೊದಲ ಸಲ ಅವನ ದನಿಗೆ ಜೀವ ಬಂತು. "ಆ ಎಂಜಿನ್ ಕಮ್ಮಿ ವೇಗದಲ್ಲಿ ಕೇಳಿದ್ದೀಯಾ? ಎರಡು ಬಡಿತದ ನಡುವೆ ಇನ್ನೇನು ನಿಂತೇಹೋಯ್ತು ಅನ್ನಿಸುತ್ತೆ. ನಿಲ್ಲಲ್ಲ. ಅದನ್ನ ಹಾಗೆ ಉಸಿರಾಡಿಸಬೇಕು ಅಂದ್ರೆ ಅರ್ಧ ಇಂಚಿಗೆ ಅರೆಕಾಲು ಇಂಚು ಕಮ್ಮಿ ಇಡಬೇಕು. ಪುಸ್ತಕದ ಹಾಗೆ ಇಟ್ರೆ ಕಾಲಿಗೆ ತಿರುಗಿ ಒದೆಯುತ್ತೆ. ಒಳಗಿನ ಪಿಸ್ಟನ್ ಹಳೇದಲ್ಲ, ನಾನೇ ಬದಲಾಯಿಸಿದ್ದು."

ವೋರಿ ತಟ್ಟೆ ತೊಳೆದಿಟ್ಟು ಮನೆಗೆ ಹೋದಳು. ಅಡಿಗೆಮನೆಯ ದೀಪದ ಕೆಳಗೆ ಪೆನ್ಸಿಲನ್ನು ಅಳತೆಪಟ್ಟಿಯ ಪಕ್ಕದಲ್ಲಿಟ್ಟು ನೋಡಿದಳು. ಆ ಸಂಜೆ ರೇಡಿಯೋ ಹಾಕಲಿಲ್ಲ.

*

ಶನಿವಾರ ಎರಡು ಗಂಟೆಗೆ ಶೆಡ್ಡಿನಲ್ಲಿ ಎಲ್ಲರೂ ಇದ್ದರು. ಗ್ರಿಮ್‌ಶಾ ವ್ಯಾನು ತಂದಿದ್ದ. ಕಾರ್ಲೆಟ್ ಮಾತ್ರ ಹೊಸ್ತಿಲ ಆಚೆಗೇ ನಿಂತಿದ್ದ.

"ಕಳ್ಳ ಸಿಕ್ಕಿದ್ನಾ?" ಎಂದ ಫಿನ್ಲೊ, ಬಾಗಿಲ ಕಡೆಯೇ ನೋಡುತ್ತ.

"ಕದ್ದ ರೀತಿ ನೋಡಿ ಮೊದಲು," ಎಂದಳು ವೋರಿ. "ಕಳ್ಳನಿಗೆ ಬೇಕಾದದ್ದು ಮ್ಯಾಗ್ನೆಟೊ. ಬೋಲ್ಟು ಎಲ್ಲಿ ಉರುಳಿದ್ರೆ ಅವನಿಗೇನು? ಚೈನು ಜಾರಿದ್ರೆ ಏನು, ಧೂಳು ಹೋದ್ರೆ ಏನು? ಇಲ್ಲಿ ಬೋಲ್ಟು ತೂತಿಗೆ ಕೂತಿದೆ. ದಾರ ಕಟ್ಟಿದೆ. ಒಗೆದ ಬಟ್ಟೆ ತುರುಕಿದೆ. ಯಾಕೆ?"

ಅವಳು ಬಗ್ಗಿ ಆ ಬಟ್ಟೆಯನ್ನು ಹೊರಗೆಳೆದಳು.

"ವಾಪಸ್ ಹಾಕೋಕೆ. ತೆಗೆದವರಿಗೆ ಅದನ್ನ ಇಟ್ಕೊಳ್ಳೋ ಆಸೆ ಇರಲಿಲ್ಲ. ಕೊಳ್ಳೋರು ಬೇಸತ್ತು ಹೊರಟುಹೋಗೋ ತನಕ ಅದು ಇಲ್ಲಿ ಇರಬಾರದಿತ್ತು, ಅಷ್ಟೇ. ಹಾಗಾದ್ರೆ ಕಾರ್ಲೆಟ್ ಅಲ್ಲ. ಅವರಿಗೆ ಅದು ಬೇಕೇ ಬೇಕಿತ್ತು. ಗ್ರಿಮ್‌ಶಾ ಅಲ್ಲ. ಅವರಿಗೆ ಗಾಡಿ ಓಡಬೇಕಿತ್ತು."

"ನಾನೇ ಅಂತೀಯಾ?" ಎಂದ ಫಿನ್ಲೊ.

"ಅದೂ ಯೋಚಿಸಿದೆ. ಆದ್ರೆ ಎಲ್ಲರ ಕಣ್ಣೂ ಖಾಲಿ ಜಾಗದ ಮೇಲಿತ್ತು. ಎಂಜಿನ್ ಒಳಗೆ ಯಾರೂ ನೋಡಲಿಲ್ಲ. ಗಾಡೀನ ಗೇರಿಗೆ ಹಾಕಿ ಬಿಟ್ಟಿದ್ರು — ಪಿಸ್ಟನ್ ಅಲುಗಬಾರದು ಅಂತ. ಕಿಡಿ ಬೀಳೋ ಜಾಗಕ್ಕೆ ತಂದು ನಿಲ್ಲಿಸಿಟ್ಟಿದ್ರು, ಮತ್ತೆ ಕೂರಿಸೋವಾಗ ಸುಲಭ ಆಗಲಿ ಅಂತ. ಎಲ್ಲಿರಬೇಕು ಅಂತ ಎಲ್ಲರನ್ನೂ ಕೇಳಿದೆ. ಅರ್ಧ ಇಂಚು ಅಂದ್ರು ಮೂರು ಜನ." ಅವಳು ಜೇಬಿನಿಂದ ಪೆನ್ಸಿಲ್ ತೆಗೆದಳು. "ಈ ಎರಡು ಗೆರೆ ನಡುವೆ ಅರ್ಧ ಇಂಚಿಲ್ಲ. ಅರೆಕಾಲು ಇಂಚು ಕಮ್ಮಿ ಇದೆ. ಆ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ. ಒಬ್ಬರಿಗೆ ಮಾತ್ರ ಗೊತ್ತು."

ಅವಳು ಹೆಸರು ಹೇಳುವುದು ಬೇಕಾಗಲಿಲ್ಲ; ಆದರೂ ಹೇಳಿದಳು. "ಜುವನ್."

ಜುವನ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಗುರುವಾರ ಬಂದೆ ಕಣೋ," ಎಂದ ಫಿನ್ಲೊನಿಗೆ. "ಡಾಕ್ಟರ ಹತ್ತಿರ ಹೋಗ್ತೀನಿ ಅಂತ ನೀನು ಹೇಳಿದ್ದೆ, ನಾನು ಮರೆತುಬಿಟ್ಟಿದ್ದೆ. ಬಾಗಿಲು ಬಡಿದೆ. ಯಾರೂ ಇಲ್ಲ. ಇಲ್ಲೇ ಮೆಟ್ಟಿಲ ಮೇಲೆ ಒಂದು ಗಂಟೆ ಕೂತಿದ್ದೆ. ಇನ್ನು ಮೇಲೆ ಗುರುವಾರ ಅಂದ್ರೆ ಹೀಗೇ ಅಂತ ಗೊತ್ತಾಯ್ತು. ಆಮೇಲೆ ಬೀಗದ ಕೈ ತಗೊಂಡೆ."

"ಮೂವತ್ತೊಂದು ವರ್ಷದಲ್ಲಿ ಒಂದು ಸಲ ಬಾಯಿಬಿಟ್ಟು ಹೋಗಬೇಡ ಅನ್ನೋಕಾಗಲಿಲ್ವಾ ನಿನಗೆ?"

"ನೀನು ಕೇಳಲಿಲ್ಲವಲ್ಲ."

ಫಿನ್ಲೊ ಗೋಡೆಯ ಕಡೆ ತಿರುಗಿದ. ಆಚೆ ಬಂದರಿನಲ್ಲಿ ಯಾವುದೋ ದೋಣಿಯ ಗಂಟೆ ಬಡಿಯುತ್ತಿತ್ತು.

"ನೀನು ಹೇಳಿದ್ರೂ ಹೋಗಲೇಬೇಕಿತ್ತು," ಎಂದ ಕೊನೆಗೆ. "ಕಾಲು ಕೇಳಲ್ಲ, ಜುವನ್. ಹೋಗು, ತಗೊಂಡು ಬಾ."

ಜುವನ್ ಟವೆಲಿನಲ್ಲಿ ಸುತ್ತಿ ತಂದ. ಒದ್ದೆಗಾಳಿ ತಾಗದಿರಲೆಂದು ಒಲೆಯ ಪಕ್ಕ ಇಟ್ಟಿದ್ದನಂತೆ, ಅದಿನ್ನೂ ಬೆಚ್ಚಗಿತ್ತು. ಮುಕ್ಕಾಲು ಗಂಟೆ ಒಬ್ಬನೇ ಬಗ್ಗಿ ಕೆಲಸ ಮಾಡಿದ. ಮುಗಿದ ಮೇಲೆ ಪೆಡಲಿನ ಮೇಲೆ ಕಾಲಿಟ್ಟು, ಎಂಜಿನ್ನಿನ ಬಿಗಿ ಎಲ್ಲಿದೆ ಎಂದು ಮೆಲ್ಲಗೆ ಹುಡುಕಿ, ಒಂದೇ ಸಲ ಒದ್ದ.

ಎಂಜಿನ್ ಶುರುವಾಯಿತು. ತಗಡಿನ ಗೋಡೆಗಳು ನಡುಗಿದವು. ಅವನು ಲಿವರ್ ಹಿಂದಕ್ಕೆಳೆದಂತೆ ಬಡಿತ ನಿಧಾನವಾಯಿತು, ಇನ್ನೂ ನಿಧಾನವಾಯಿತು. ಒಂದೊಂದು ಬಡಿತವನ್ನೂ ಎಣಿಸಬಹುದಿತ್ತು. ಗ್ರಿಮ್‌ಶಾ ಕೂಡ ನಗು ಮರೆತು ಕೇಳುತ್ತ ನಿಂತ.

"ಒಳಗೆ ಬಾ ಕಾರ್ಲೆಟ್, ಅಲ್ಲೇನು ನಿಂತಿದ್ದೀಯ," ಎಂದು ಫಿನ್ಲೊ ಕೂಗಿದ. "ನಾನು ನಿನಗೆ ಅಂದದ್ದು ತಪ್ಪು. ಬೀದೀಲಿ ನಿಂತು ಅಂದೆ, ಬೀದೀಲೇ ನಿಂತು ತಪ್ಪಾಯ್ತು ಅಂತೀನಿ ಬೇಕಾದ್ರೆ."

"ಬೇಡ ಬಿಡಿ. ಸದ್ದು ಕೇಳೋಕೆ ಬಿಡಿ," ಎಂದ ಕಾರ್ಲೆಟ್.

ನಾಲ್ಕು ಗಂಟೆಗೆ ವ್ಯಾನು ಗಾಡಿಯನ್ನು ಹೊತ್ತುಕೊಂಡು ಹೊರಟಿತು. ಇಬ್ಬರು ಮುದುಕರು ಖಾಲಿ ಶೆಡ್ಡಿನಲ್ಲಿ ಉಳಿದರು. ವೋರಿ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಾಗ ಫಿನ್ಲೊನ ದನಿ ಕೇಳಿಸಿತು.

"ಮಂಗಳವಾರ ಆಚೆ ದಡದ ಹೇಶಮ್ ಬಂದರಿನ ತನಕ ಬರ್ತೀಯಾ?"

"ಬಂದು?"

"ಬಂದು ಅದೇ ಹಡಗಲ್ಲಿ ವಾಪಸ್ ಹೋಗು."

ಜುವನ್ ಟೋಪಿ ಹಾಕಿಕೊಂಡ. "ಬರ್ತೀನಿ," ಎಂದ.

ಮಂಗಳವಾರ ಸಂಜೆ ಆರಕ್ಕೆ ಡಗ್ಲಸ್‌ಗೆ ಹಡಗು ಮರಳಿತು. ಯಾರೂ ಬಾ ಎಂದಿರಲಿಲ್ಲ. ಆದರೂ ವೋರಿ ಬಂದು ನಿಂತಿದ್ದಳು. ಜನವೆಲ್ಲ ಇಳಿದು ಹೋದ ಮೇಲೆ ಜುವನ್ ಬಂದ, ಎರಡೂ ಕೈ ಜೇಬಿನಲ್ಲಿಟ್ಟುಕೊಂಡು. ಅವಳನ್ನು ಕಂಡು ನಿಂತ.

"ಏನು ಮಾತಾಡಿದ್ರಿ ಇಬ್ಬರೂ?"

"ನಾಲ್ಕು ಗಂಟೆ ಸುಮ್ಮನೆ ಕೂತಿದ್ವಿ," ಎಂದ ಜುವನ್. "ಇಳಿಯೋ ಬಾಗಿಲ ಹತ್ತಿರ ಇಬ್ಬರೂ ಒಟ್ಟಿಗೇ ಮಾತು ಶುರು ಮಾಡಿದ್ವಿ. ಅಷ್ಟರಲ್ಲಿ ಹಿಂದಿನೋರು ತಳ್ಳಿದ್ರು."

ವೋರಿ ಕಾರಿನ ಬಾಗಿಲು ತೆರೆದು ಹಿಡಿದಳು. ಅವನು ಹತ್ತಿ ಕೂತ ಮೇಲೆ ಹೀಟರ್ ಹಾಕಿ, ಪೀಲ್ ಕಡೆಯ ಕತ್ತಲ ರಸ್ತೆಗೆ ಕಾರು ತಿರುಗಿಸಿದಳು.