ಜಾಗ ಬಿಟ್ಟ ಬೋರ್ಡು

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಎಲೆಕ್ಟ್ರಿಷಿಯನ್ ಒಬ್ಬ ಠಾಣೆಯ ಮೆಟ್ಟಿಲು ಹತ್ತಿ ಬಂದ. ನಿದ್ದೆಗೆಟ್ಟು ಕೆಂಪಾದ ಕಣ್ಣು, ಅಂಗಿಯ ಜೇಬಿನಲ್ಲಿ ಟೆಸ್ಟರು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ದಂಡ ಕಟ್ಟೋಕೆ ಬಂದಿಲ್ಲ ಮೇಡಂ. ದೂರು ಕೊಡೋಕೆ ಬಂದಿದೀನಿ."

"ಯಾರ ಮೇಲೆ?" ಇನ್‌ಸ್ಪೆಕ್ಟರ್ ಕೇಳಿದಳು.

"ಬೋರ್ಡಿನ ಮೇಲೆ."

ಬಾಗಿಲಲ್ಲಿ ನಿಂತಿದ್ದ ಕಾನ್‌ಸ್ಟೇಬಲ್ ಕಿಸಕ್ಕೆಂದ. ಬೆಳಗಾದರೆ ಶುರುವಾಗುವ ಬಾಯಿ ಮಲಗುವ ತನಕ ನಿಲ್ಲದ್ದರಿಂದ ಅವನನ್ನು ಎಲ್ಲರೂ ರೇಡಿಯೊ ಎಂದೇ ಕರೆಯುತ್ತಿದ್ದರು. ಇನ್‌ಸ್ಪೆಕ್ಟರ್ ತಿರುಗಿ ನೋಡಿದ್ದೇ ತಡ, ಸ್ಟೇಷನ್ ಬದಲಾಯಿಸಿದಂತೆ ಸುಮ್ಮನಾದ.

ಶನಿವಾರ ಮಧ್ಯಾಹ್ನ ಎಲೆಕ್ಟ್ರಿಷಿಯನ್ನನ ತಾಯಿಗೆ ಬಾಯಿ ಸೊಟ್ಟಗಾಗಿ ಕೈ ಬಿದ್ದುಹೋಗಿತ್ತು. ತನ್ನ ವ್ಯಾನಿನಲ್ಲೇ ಹತ್ತಿರದ ಕ್ಲಿನಿಕ್ಕಿಗೆ ತಂದಿದ್ದ. ವ್ಯಾನು ನಿಲ್ಲಿಸಿದಾಗ ಅಲ್ಲಿ ಯಾವ ಬೋರ್ಡೂ ಇರಲಿಲ್ಲ. ಸರದಿ ಬಂದಾಗ ಡಾಕ್ಟರು ನೋಡಿದವರೇ, ಒಂದು ನಿಮಿಷವೂ ತಡಮಾಡದೆ ದೊಡ್ಡಾಸ್ಪತ್ರೆಗೆ ಒಯ್ಯಿ ಎಂದರು. ತಾಯಿಯನ್ನು ಎತ್ತಿಕೊಂಡು ಹೊರಗೆ ಬಂದರೆ ವ್ಯಾನಿನ ಮುಂಚಕ್ರಕ್ಕೆ ಹಳದಿ ಬೀಗ ಬಿದ್ದಿತ್ತು. ಪಕ್ಕದಲ್ಲೇ 'ವಾಹನ ನಿಲುಗಡೆ ನಿಷೇಧ' ಎಂಬ ಬೋರ್ಡು ನಿಂತಿತ್ತು. ಬೀಗ ಹಾಕಿದವರು ಆಗಲೇ ಮಾಯ. ಬೇರೆ ಗಾಡಿ ಸಿಗುವಷ್ಟರಲ್ಲಿ ಅರ್ಧ ಗಂಟೆ ಹೋಗಿತ್ತು.

"ಈಗ ಹೇಗಿದಾರೆ?"

"ಜೀವ ಇದೆ. ಮಾತು ಹೋಗಿದೆ. ಬೇಗ ಬಂದಿದ್ರೆ ಮಾತು ಉಳೀತಿತ್ತು ಅಂದ್ರು." ಅವನು ಜೇಬಿನ ಟೆಸ್ಟರನ್ನು ಒಳಕ್ಕೆ ಒತ್ತಿಕೊಂಡ. "ನಲವತ್ತು ವರ್ಷದವನಾದ್ರೂ ನಮ್ಮಮ್ಮ ನನ್ನ ಪುಟ್ಟಾ ಅಂತಾನೇ ಕರೀತಿದ್ರು ಮೇಡಂ. ಈಗ ಬರೀ ನೋಡ್ತಾರೆ."

ಮೂಲೆಯ ಮೇಜಿನಲ್ಲಿ ಕೂತಿದ್ದ ಹೆಡ್ ಕಾನ್‌ಸ್ಟೇಬಲ್ ಎದ್ದು ಹೋಗಿ ಒಂದು ಲೋಟ ನೀರು ತಂದು ಅವನ ಕೈಗಿಟ್ಟ.

ಈ ಹೆಡ್ ಕಾನ್‌ಸ್ಟೇಬಲ್ಲನನ್ನು ಊರೆಲ್ಲ ಸೀಟಿ ಅಣ್ಣ ಎಂದೇ ಕರೆಯುತ್ತಿತ್ತು. ಸೇವೆಯೆಲ್ಲ ಸರ್ಕಲ್ಲಿನಲ್ಲಿ ಸೀಟಿ ಊದಿಯೇ ಕಳೆದಿದ್ದ. ಒಮ್ಮೆ ಲಾರಿಯೊಂದು ತಗುಲಿ ಬಲಭುಜ ಮುರಿದ ಮೇಲೆ ಆ ಕೈ ಮೇಲಕ್ಕೇಳುತ್ತಿರಲಿಲ್ಲ. ಇನ್‌ಸ್ಪೆಕ್ಟರ್ ಹೊಸದಾಗಿ ಕೆಲಸಕ್ಕೆ ಸೇರಿದ ದಿನ, ಬಿಸಿಲಲ್ಲಿ ಕಂಗಾಲಾಗಿ ನಿಂತವಳಿಗೆ ಗಾಡಿ ನಿಲ್ಲಿಸುವುದು, ಬೋರ್ಡು ಸಾಗಿಸುವುದು, ಬೈದವನ ಮುಂದೆ ನಗುವುದು, ಎಲ್ಲ ಕಲಿಸಿದವನು ಅವನೇ. ಎದುರಿಗೆ ಜನರಿದ್ದರೆ ಅವನು 'ಮೇಡಂ' ಅನ್ನುತ್ತಿದ್ದ. ಇಲ್ಲದಿದ್ದರೆ ಅವನು 'ಮಗಳೇ', ಅವಳು 'ಅಣ್ಣ'.

ಎಲೆಕ್ಟ್ರಿಷಿಯನ್ ಸಹಿ ಹಾಕಿ ಹೋದ ಮೇಲೆ ಸೀಟಿ ಅಣ್ಣ ತಲೆಯಾಡಿಸಿದ. "ಪಾಪ, ಗಾಬರಿಯಲ್ಲಿ ಬೋರ್ಡು ಕಂಡಿರಲ್ಲ. ಪಾರ್ಕಿಂಗ್ ನಿಯಮ ಬಂದಾಗಿಂದಲೂ ಅದು ಅಲ್ಲೇ ಇದೆ. ನಾನೇ ಇಡಿಸಿದ್ದು. ತಪ್ಪು ದೂರು ಅಂತ ಮುಗಿಸಿಬಿಡು ಮಗಳೇ. ಆ ಮನೆಯವರನ್ನ ಇನ್ನು ಅಲೆದಾಡಿಸಬೇಡ."

ಅವಳು ಒಂದು ಗಳಿಗೆ ಯೋಚಿಸಿದಳು. ಅಣ್ಣ ಹೇಳಿದ ಮೇಲೆ ಇನ್ನೇನು ಎಂದು ಮನಸ್ಸು ಒಪ್ಪಿಯೂ ಬಿಟ್ಟಿತ್ತು. ಆದರೆ ಆ ಮನುಷ್ಯ ಖಾಲಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ ರೀತಿ ಕಣ್ಣಿಂದ ಹೋಗಲಿಲ್ಲ.

"ಎಫ್‌ಐಆರ್ ಆಗಲಿ. ಪಂಚನಾಮೆ ಮಾಡಿ ನೋಡೋಣ. ಬನ್ನಿ ಅಣ್ಣ."

"ನನ್ನ ಮಂಡಿ ಹಿಡ್ಕೊಂಡಿದೆ. ನೀವು ಹೋಗ್ಬನ್ನಿ. ಸ್ಟೇಷನ್ ನಾನು ನೋಡ್ಕೋತೀನಿ."

ಮಧ್ಯಾಹ್ನ ಹನ್ನೆರಡೂವರೆಗೆ ಇಬ್ಬರು ಪಂಚರನ್ನು ಕರೆದುಕೊಂಡು ಇನ್‌ಸ್ಪೆಕ್ಟರ್ ಮತ್ತು ರೇಡಿಯೊ ಕ್ಲಿನಿಕ್ಕಿನ ಬೀದಿಗೆ ಹೋದರು. ಹೋದ ವಾರವಷ್ಟೇ ಡಾಂಬರು ಹಾಕಿದ ಬೀದಿ. ಬಿಸಿಲಿಗೆ ಮೆತ್ತಗಾದ ಡಾಂಬರಿಗೆ ಬೂಟು ಅಂಟುತ್ತಿತ್ತು. ಕ್ಲಿನಿಕ್ಕಿನ ಗೇಟಿನ ಪಕ್ಕ ಬೋರ್ಡು ನಿಂತಿತ್ತು. ಲಾರಿಯ ಹಳೆಯ ಟಯರಿನೊಳಗೆ ಕಾಂಕ್ರೀಟು ತುಂಬಿ, ನಡುವೆ ಕಬ್ಬಿಣದ ಕಂಬ ನೆಟ್ಟದ್ದು. ಇಬ್ಬರು ಎತ್ತುವಷ್ಟು ಭಾರ.

"ಪಕ್ಕಕ್ಕೆ ಸರಿಸು," ಎಂದಳು.

ರೇಡಿಯೊ ಉಸಿರುಗಟ್ಟಿ ಸರಿಸಿದ. ಟಯರಿನ ಕೆಳಗೂ ಹೊಸ ಡಾಂಬರೇ ಇತ್ತು.

"ಮೊದಲಿಂದಲೂ ಇಲ್ಲೇ ಇದ್ದಿದ್ರೆ ಡಾಂಬರು ಕೆಳಗೆ ನುಸುಳಿ ಹೋಯ್ತಾ ಮೇಡಂ?"

ಅವಳು ಉತ್ತರ ಕೊಡದೆ ಬೀದಿಯ ಬಾಯಿಯತ್ತ ನಡೆದಳು. ಅಲ್ಲಿ ತಿರುವಿನಲ್ಲಿ ಡಾಂಬರಿನ ನಡುವೆ ದುಂಡಗಿನ ಒಂದು ಬೋಳು ಜಾಗ, ಹಳೆಯ ರಸ್ತೆಯ ಧೂಳು ಹಾಗೇ ಉಳಿದಿತ್ತು. ಡಾಂಬರು ಹಾಕಿದವರು ಭಾರದ ಬೋರ್ಡನ್ನು ಸರಿಸುವ ಗೋಜಿಗೆ ಹೋಗದೆ ಸುತ್ತ ಬಳಿದು ಹೋಗಿದ್ದರು. ಟೇಪು ಹಿಡಿದು ಅಳೆದರು. ಟಯರಿನ ಅಗಲವೂ ಬೋಳಿನ ಅಗಲವೂ ಒಂದೇ ಆಗಿದ್ದವು. ಬೋರ್ಡು ಇರಬೇಕಾದದ್ದು ಈ ತಿರುವಿನಲ್ಲಿ. ಡಾಂಬರು ಬಿದ್ದ ಮೇಲೆ ಯಾರೋ ಅದನ್ನು ಕ್ಲಿನಿಕ್ಕಿನ ಮುಂದಕ್ಕೆ ಸಾಗಿಸಿದ್ದರು.

'ಎಲ್ಲೋ ಅಣ್ಣನಿಗೆ ಮರೆವು ಬಂದಿದೆ' ಎಂದುಕೊಂಡಳು. ಆಗಲೂ ಅವನ ಮೇಲೆ ಅನುಮಾನ ಬರಲಿಲ್ಲ.

"ಇಲ್ಲಿ ನೋಡಿ ಮೇಡಂ, ಗುರುತು," ರೇಡಿಯೊ ಕೂಗಿದ. ಮೆತ್ತಗಿದ್ದ ಡಾಂಬರಿನಲ್ಲಿ ತಿರುವಿನಿಂದ ಗೇಟಿನವರೆಗೆ ಅರ್ಧಚಂದ್ರದಂಥ ಅಚ್ಚುಗಳು ಒಂದರ ಮುಂದೊಂದು ಒತ್ತಿದ್ದವು. "ಇದೇನು ಹೀಗೆ? ನಾವು ಉರುಳಿಸಿದ್ರೆ ಹೀಗೆ ಬೀಳಲ್ವಲ್ಲ."

"ನೀನು ಹೇಗೆ ಉರುಳಿಸ್ತೀಯ?"

"ಎಲ್ಲರ ಹಾಗೇ. ಗ್ಯಾಸ್ ಸಿಲಿಂಡರ್ ಥರ." ಕಂಬವನ್ನು ವಾಲಿಸಿ, ಎರಡೂ ಕೈಯಲ್ಲಿ ತಿರುಗಿಸುತ್ತ ಟಯರಿನ ಅಂಚಿನ ಮೇಲೆ ಉರುಳಿಸಿಕೊಂಡು ಹೋದ. ಹಿಂದೆ ಎಳೆದ ಹಾಗೆ ಒಂದೇ ಉದ್ದ ಗೆರೆ ಬಿತ್ತು.

ಅವಳು ಮುಂದೆ ಬಂದಳು. ಕಂಬವನ್ನು ಎಡಭುಜಕ್ಕೆ ಒರಗಿಸಿಕೊಂಡು ಟಯರಿನ ಒಂದಂಚನ್ನು ಎತ್ತಿ ಬೂಟಿನಿಂದ ಒದ್ದಳು. ಬೋರ್ಡು ಅರ್ಧ ಸುತ್ತು ಹೊರಳಿ ಕೂತಿತು. ಮತ್ತೆ ಒದ್ದಳು. ಡಾಂಬರಿನ ಮೇಲೆ ಎರಡು ಅರ್ಧಚಂದ್ರಗಳು ಮೂಡಿದವು. ಹಳೆಯ ಅಚ್ಚಿಗೂ ಹೊಸದಕ್ಕೂ ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ.

ಇಲಾಖೆಯಲ್ಲಿ ಎಲ್ಲರೂ ಬೋರ್ಡು ಸಾಗಿಸುವುದು ಹೀಗೆಯೇ ಎಂದು ಇಷ್ಟು ವರ್ಷ ತಿಳಿದಿದ್ದಳು. ಅದು ಇಲಾಖೆಯದಲ್ಲ, ಕೈ ಮೇಲೆತ್ತಲಾಗದ ಒಬ್ಬ ಮನುಷ್ಯ ಕಂಡುಕೊಂಡ ಉಪಾಯ. ಅವನಿಂದ ಅದನ್ನು ಕಲಿತವಳು ಅವಳೊಬ್ಬಳೇ.

"ಅಯ್ಯೋ ಮೇಡಂ, ಹಾಗಾದ್ರೆ ನೀವೇ ಕಳ್ಳರು!" ಎಂದು ರೇಡಿಯೊ ನಕ್ಕ. ಅವಳ ಮುಖ ನೋಡಿದ. ನಗು ಅಲ್ಲೇ ಇಂಗಿಹೋಯಿತು. ಅವನಿಗೂ ತಿಳಿಯಿತು. ಆ ದಿನ ಸಂಜೆಯವರೆಗೆ ರೇಡಿಯೊ ಬಾಯಿ ಬಿಡಲಿಲ್ಲ.

ಎರಡು ಗಂಟೆಗೆ ಚಕ್ರಕ್ಕೆ ಬೀಗ ಹಾಕುವವನ ಹೇಳಿಕೆ ಪಡೆದರು.

"ಯಾರು ಕರೆದದ್ದು?"

"ಫೋನ್ ಬಂತು ಮೇಡಂ. ಬೋರ್ಡ್ ಪಕ್ಕ ಗಾಡಿ ನಿಂತಿದೆ, ಬೀಗ ಹಾಕು ಅಂದ್ರು."

"ಯಾರ ದನಿ?"

ಅವನು ಬೂಟಿನ ತುದಿ ನೋಡಿದ. "ಸೀಟಿ ಅಣ್ಣಂದು. ಅವರು ಹೇಳಿದ್ರೆ ನಾವು ಎರಡನೇ ಮಾತಾಡಲ್ಲ. ಅಂಥೋರು ಸುಳ್ಳು ಹೇಳ್ತಾರಾ?"

ಇನ್ನುಳಿದದ್ದು ಯಾಕೆ ಎಂಬ ಪ್ರಶ್ನೆ. ಕ್ಲಿನಿಕ್ಕಿನ ಬೀದಿಯ ಕೊನೆಯಲ್ಲಿ ತಗಡಿನ ಬೇಲಿ ಹಾಕಿದ ಪಾರ್ಕಿಂಗ್ ಮೈದಾನವಿತ್ತು, ಶುಲ್ಕ ಕೊಟ್ಟು ಗಾಡಿ ನಿಲ್ಲಿಸುವಂಥದ್ದು. ಇನ್‌ಸ್ಪೆಕ್ಟರ್ ಅತ್ತ ನಡೆದಳು. ಗೇಟಿನ ಗೂಡಿನಲ್ಲಿ ಚೀಟಿ ಹರಿಯುತ್ತ ಕೂತಿದ್ದವಳು ಸೀಟಿ ಅಣ್ಣನ ಮಗಳು.

"ಅಕ್ಕಾ! ಎಷ್ಟು ದಿನ ಆಯ್ತು ನೋಡಿ. ಒಳಗೆ ಬನ್ನಿ, ಚಹಾ ತರಿಸ್ತೀನಿ."

"ಬೇಡ ಕಣೆ. ಇದು ನಿಮ್ಮದಾ?"

"ಹೂಂ, ಇವರು ಗುತ್ತಿಗೆ ಹಿಡಿದಿದಾರೆ. ಒಡವೆ ಎಲ್ಲ ಇದಕ್ಕೇ ಹೋಯ್ತು. ರಸ್ತೇಲಿ ಪುಕ್ಕಟೆ ಜಾಗ ಇರೋವಾಗ ದುಡ್ಡು ಕೊಟ್ಟು ಯಾರು ಬರ್ತಾರೆ? ಆರು ತಿಂಗಳು ನೊಣ ಹೊಡ್ಕೊಂಡು ಕೂತಿದ್ವಿ. ಇವರು ಬಿಟ್ಟು ಹೋಗೋಣ ಅಂತಿದ್ರು. ಅಪ್ಪನೇ ಧೈರ್ಯ ಹೇಳಿದ್ದು, ಸ್ವಲ್ಪ ತಾಳು, ಗಾಡಿಗಳು ತಾವಾಗೇ ಬರ್ತಾವೆ ಅಂತ." ಅವಳು ತುಂಬಿದ ಮೈದಾನದತ್ತ ಕೈಮಾಡಿ ನಕ್ಕಳು. "ಅಪ್ಪನ ಬಾಯಿಮಾತು ಫಲಿಸಿಬಿಡ್ತು ನೋಡಿ!"

ಆ ನಗುವಿನಲ್ಲಿ ಕಳ್ಳತನದ ಸುಳಿವೂ ಇರಲಿಲ್ಲ. ಇನ್‌ಸ್ಪೆಕ್ಟರಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಗೆ ಬಂದು ಮೇಲಧಿಕಾರಿಗೆ ಫೋನು ಮಾಡಿ ವಿಷಯ ತಿಳಿಸಿದಳು.

ನಾಲ್ಕು ಗಂಟೆಗೆ ಠಾಣೆಗೆ ಮರಳಿದಾಗ ಸೀಟಿ ಅಣ್ಣ ಅವಳ ಮೇಜಿನ ಧೂಳು ಒರೆಸುತ್ತಿದ್ದ. ಅವಳು ಬಾಗಿಲು ಮುಚ್ಚಿದಳು.

"ಬೋರ್ಡು ನಡೆಸಿದ ಗುರುತು ಡಾಂಬರಿನ ಮೇಲಿದೆ."

ಬಟ್ಟೆ ಹಿಡಿದ ಕೈ ನಿಂತಿತು.

"ಅಚ್ಚು ನಿಮ್ಮದು. ಇಲ್ಲದಿದ್ರೆ ನನ್ನದು. ಹೇಳಿ, ಯಾರದು ಅಂತ ಬರೀಲಿ?"

ಅವನು ಕುರ್ಚಿಯಲ್ಲಿ ಕುಸಿದ. "ಇಲಾಖೆ ನನ್ನ ಭುಜ ತಿಂತು. ಕೊನೆಗೆ ಕೊಟ್ಟಿದ್ದೇನು? ಒಂದು ಶಾಲು. ಮಗಳು ಬರಿಗತ್ತಿನಲ್ಲಿ ಎದುರಿಗೆ ಬಂದ್ರೆ ನಂಗೆ ಅನ್ನ ಇಳೀತಿರಲಿಲ್ಲ. ನಾಲ್ಕು ಗಾಡಿಗೆ ಬೀಗ ಬಿದ್ರೆ ಹೆದರಿ ಮೈದಾನಕ್ಕೆ ಹೋಗ್ತಾರೆ ಅಂದ್ಕೊಂಡೆ. ಗಾಡಿಯೊಳಗೆ ಯಾರು ಬಂದಿದಾರೆ ಅಂತ ನೋಡ್ಲಿಲ್ಲ ಮಗಳೇ."

"ಶನಿವಾರ ನೋಡ್ಲಿಲ್ಲ. ಸರಿ. ಇವತ್ತು ಬೆಳಿಗ್ಗೆ ಅವನು ನಿಮ್ಮೆದುರೇ ನಿಂತಿದ್ನಲ್ಲ? ನೀರು ಕೊಟ್ರಲ್ಲ? ಕೊಟ್ಟ ಕೈಯಲ್ಲೇ ಅವನನ್ನ ಸುಳ್ಳುಗಾರ ಮಾಡೋಕೆ ಹೊರಟ್ರಿ. ಅದನ್ನ ನನ್ನ ಕೈಯಲ್ಲಿ ಮಾಡಿಸೋಕೆ ಹೊರಟ್ರಿ."

"ನೀನು ನನ್ನ ಮಾತು ಮೀರಲ್ಲ ಅಂತ ಗೊತ್ತಿತ್ತು," ಎಂದ ಅವನು, ನೆಲ ನೋಡುತ್ತ.

ಅವಳ ಎದೆಗೆ ಇರಿದದ್ದು ಆ ಮಾತು. ಬೋರ್ಡು ಸಾಗಿಸಿದ್ದಕ್ಕಿಂತ ಅದು ಹೆಚ್ಚು ನೋಯಿಸಿತು.

"ಎದ್ದೇಳಿ ಹೆಡ್ ಕಾನ್‌ಸ್ಟೇಬಲ್," ಎಂದಳು. ಅಣ್ಣ ಎಂಬ ಮಾತು ಬಾಯಿಗೆ ಬರಲಿಲ್ಲ. ಸಂಜೆ ಐದೂಕಾಲಿಗೆ ದಸ್ತಗಿರಿ ದಾಖಲಾಯಿತು. ಮನೆಯವರಿಗೆ ತಿಳಿಸಬೇಕಾದ ಫೋನನ್ನು ರೇಡಿಯೊ ಮಾಡುತ್ತೇನೆಂದ. ಅವಳು ಒಪ್ಪಲಿಲ್ಲ, ತಾನೇ ಮಾಡಿದಳು. ಆ ಕಡೆಯಿಂದ "ಅಕ್ಕಾ, ತಮಾಷೆ ಮಾಡ್ತಿದೀರಾ?" ಎಂಬ ಮಾತು ಕೇಳಿ, ಹೇಳಿದ್ದನ್ನೇ ಇನ್ನೊಮ್ಮೆ ಹೇಳಿದಳು.

ಮರುದಿನ ಬೋರ್ಡನ್ನು ಅದರ ಜಾಗಕ್ಕೆ ಕಳಿಸಬೇಕಿತ್ತು. ಕ್ಲಿನಿಕ್ಕಿನ ಮುಂದೆ ಎಲೆಕ್ಟ್ರಿಷಿಯನ್ ವ್ಯಾನು ನಿಲ್ಲಿಸಿ ನೋಡುತ್ತಿದ್ದ. ಅವನ ಕಣ್ಣೆದುರೇ ಆಗಲಿ ಎಂದು ಇನ್‌ಸ್ಪೆಕ್ಟರ್ ಕಂಬ ಹಿಡಿದಳು. ಕಂಬ ತಾನಾಗಿ ಎಡಭುಜಕ್ಕೆ ಒರಗಿತು, ಕಾಲು ತಾನಾಗಿ ಹಿಂದಕ್ಕೆ ಹೋಯಿತು. ಒದೆಯಲಿದ್ದವಳು ಹಾಗೆಯೇ ನಿಂತಳು. ಕಂಬವನ್ನು ಭುಜದಿಂದ ಬಿಡಿಸಿ ನೆಟ್ಟಗೆ ನಿಲ್ಲಿಸಿದಳು.

"ರೇಡಿಯೊ," ಎಂದಳು. "ನಿನ್ನೆ ನೀನು ಮಾಡಿದ್ಯಲ್ಲ, ಸಿಲಿಂಡರ್ ಥರ. ಕೈ ಎಲ್ಲಿಡಬೇಕು, ತೋರಿಸು."