ಬಾಗಿಲ ಪಕ್ಕದ ಮೊಳೆ

ಅವನನ್ನು ಮೊದಲ ಸಲ ನೋಡಿದ ದಿನ ಕೊರಿಯರ್‌ನವನು ಎಂದುಕೊಂಡು ಚೆನ್ನಾಗಿ ಬೈದುಬಿಟ್ಟೆ.

ನಮ್ಮ ಕಟ್ಟಡದ ಲಿಫ್ಟ್ ಎಂದಿನಂತೆ ಕೆಟ್ಟು ಕೂತಿತ್ತು. ಅವನು ಅಷ್ಟೂ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತಿದ್ದ. "ಬೆಳಿಗ್ಗೆಯಿಂದ ಕಾಯ್ತಾ ಇದೀನಿ, ಈಗ ಬಂದ್ರಾ? ಈ ದರಿದ್ರವನ್ನ ಮೊದಲು ಎತ್ಕೊಂಡು ಹೋಗಿ" ಎಂದು ನೆಲ ಒರೆಸುವ ಯಂತ್ರದ ಡಬ್ಬವನ್ನು ಅವನ ಕಾಲ ಬಳಿಗೆ ತಳ್ಳಿದೆ. ಅವನು ತುಟಿ ಪಿಟಕ್ಕೆನ್ನದೆ ಎತ್ತಿಕೊಂಡು ಹೊರಟ. ಅರ್ಧ ದಾರಿ ಇಳಿದವನು ಡಬ್ಬದ ಸಮೇತ ವಾಪಸ್ ಬಂದ.

"ಮೇಡಂ, ನಾನು ಕೊರಿಯರ್ ಅಲ್ಲ. ಇದನ್ನ ಮಾಡಿದ ಕಂಪನಿಯ ಪ್ರಚಾರ ವಿಭಾಗದವನು. ಯಂತ್ರ ಹೇಗನ್ನಿಸ್ತು ಅಂತ ಕೇಳೋಕೆ ಬಂದಿದ್ದೆ."

"ಮತ್ಯಾಕೆ ಎತ್ಕೊಂಡು ಹೋದ್ರಿ?"

"ನೀವು ಹೇಳಿದ ಧಾಟಿಗೆ ಕೈ ತಾನಾಗೇ ಎತ್ಕೊಳ್ತು."

ನಗು ಬಂತು. ತೋರಿಸಿಕೊಳ್ಳಲಿಲ್ಲ. ಆದರೆ ಅವನು ನೋಡಿಬಿಟ್ಟ. ನೋಡಿಯೂ ನೋಡದವನ ಹಾಗೆ ಡಬ್ಬದ ಮೇಲಿನ ಧೂಳು ಒರೆಸಿದ.

ನನ್ನ ಕಸುಬು ಅಂಥದ್ದು. ಪತ್ರಿಕೆಯೊಂದಕ್ಕೆ ಮನೆಬಳಕೆಯ ಯಂತ್ರಗಳ ಬಗ್ಗೆ ಅಂಕಣ ಬರೆಯುತ್ತೇನೆ. ಕಂಪನಿಯವರು ಕಳಿಸಿದ ವಸ್ತುವಿನ ಜೊತೆ ಒಂದಷ್ಟು ದಿನ ಬಾಳಿ, ಅದನ್ನು ವಾಪಸ್ ಕಳಿಸಿ, ಆಮೇಲಷ್ಟೇ ಬರೆಯುವುದು ನನ್ನ ಪದ್ಧತಿ. ಅಂಕಣದ ಕೊನೆಯಲ್ಲಿ ಒಂದೇ ಪದ: 'ತಗೊಳ್ಳಿ' ಅಥವಾ 'ಬೇಡ'. ಹೆಚ್ಚಿನ ಸಲ ಬೇಡವೇ. ಕೆಲಸ ಮುಗಿಸಿ ಹಾಡು ಹೇಳುವ ವಾಷಿಂಗ್ ಮಷೀನು, ಬಾಗಿಲು ತೆರೆದಿದೆ ಎಂದು ಫೋನಿಗೆ ಚಾಡಿ ಹೇಳುವ ಫ್ರಿಜ್ಜು, ಕೂತರೆ ಏಳು ಎನ್ನುವ ಕೈಗಡಿಯಾರ, ಇವನ್ನೆಲ್ಲ ಕಂಡರೆ ನನಗೆ ಮೈ ಉರಿಯುತ್ತದೆ. ಅತ್ತೆ ಇಲ್ಲದ ಮನೆಗೆ ದುಡ್ಡು ಕೊಟ್ಟು ಅತ್ತೆಯನ್ನು ತಂದುಕೊಂಡ ಹಾಗೆ. ಕಂಪನಿಗಳಲ್ಲಿ ನನಗೆ 'ಬೇಡಮ್ಮ' ಎಂಬ ಹೆಸರಿದೆ ಎಂದು ಆಮೇಲೆ ಅವನೇ ಹೇಳಿದ.

ಕಂಪನಿಯವರಿಂದ ಒಂದು ಪೆನ್ನನ್ನೂ ಮುಟ್ಟುವವಳಲ್ಲ ನಾನು. ಉಂಡ ಮನೆಯ ಜಂತೆ ಎಣಿಸಬಾರದು ಎನ್ನುತ್ತಾರೆ. ಜಂತೆ ಎಣಿಸುವುದೇ ನನ್ನ ಕೆಲಸವಾದ್ದರಿಂದ ಎಲ್ಲೂ ಉಣ್ಣಲು ಹೋಗುವುದಿಲ್ಲ.

ನೆಲ ಒರೆಸುವ ಯಂತ್ರಕ್ಕೆ 'ಬೇಡ' ಬರೆದೆ. ಅದಾದ ಮೇಲೆ ಅದೇ ಕಂಪನಿಯಿಂದ ಕಿವಿ ಮಷೀನು ಬಂತು.

ನಮ್ಮಪ್ಪ ಟ್ರಾಫಿಕ್ ಪೊಲೀಸ್ ಆಗಿದ್ದವರು. ಜೀವಮಾನವಿಡೀ ಚೌಕದ ನಡುವೆ ನಿಂತು ಹಾರ್ನ್ ಕೇಳಿ ಕೇಳಿ ಕಿವಿ ಹೋಗಿತ್ತು. ಮನೆಯಲ್ಲೂ ಮಾತಿಗಿಂತ ಕೈಯೇ ಹೆಚ್ಚು. ಸಾಕು ಎನ್ನಲು ಅಂಗೈ ಎತ್ತುತ್ತಾರೆ, ಬಾ ಎನ್ನಲು ತೋಳು ಬೀಸುತ್ತಾರೆ. ಆ ಮಷೀನನ್ನು ಕಿವಿಗೆ ಹಾಕಿ ಫೋನಿನಲ್ಲಿ ದನಿ ಹೊಂದಿಸಿದ ದಿನ ಅಪ್ಪ ಕಿಟಕಿಯ ಬಳಿ ಹೋಗಿ ಬೀದಿಯ ಸದ್ದು ಕೇಳುತ್ತ ನಿಂತರು. ಆಮೇಲೆ ನನ್ನ ಕಡೆ ತಿರುಗಿ, "ನೀನು ಇಷ್ಟು ಜೋರಾಗಿ ಗೊಣಗ್ತೀಯಾ?" ಎಂದರು.

ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಪೆಟ್ಟಿಗೆ ಕಟ್ಟಿ ಅದನ್ನು ಕಂಪನಿಗೆ ವಾಪಸ್ ಕಳಿಸಿದೆ, ಅಂಗಡಿಗೆ ಹೋಗಿ ಅಪ್ಪನಿಗೆ ಅಂಥದ್ದನ್ನೇ ಕೊಂಡು ತಂದೆ, 'ತಗೊಳ್ಳಿ' ಎಂದು ಬರೆದೆ.

ಅಂಕಣ ಅಚ್ಚಾದ ವಾರ ಅವನು ಮತ್ತೆ ಬಂದ. ಕೈಯಲ್ಲಿ ಒಂದು ಪುಟ್ಟ ಕುಂಡ, ಅದರಲ್ಲಿ ಬಿಳಿ ಹೂವಿನ ಗಿಡ.

"ಇದು ಕಂಪನಿಯದಾ, ನಿಮ್ಮದಾ?" ಎಂದು ಹೊಸ್ತಿಲಲ್ಲೇ ತಡೆದೆ.

ಅವನು ಯೋಚಿಸಿದ. ಕೊರಳಲ್ಲಿದ್ದ ಕಂಪನಿಯ ಐಡಿ ಕಾರ್ಡನ್ನು ತೆಗೆದು, ಎಲ್ಲಿಡಲಿ ಎಂದು ಅತ್ತಿತ್ತ ನೋಡಿದ. ಬಾಗಿಲ ಪಕ್ಕದ ಮೊಳೆಯಲ್ಲಿ ಅಪ್ಪನ ಹಳೆಯ ಸೀಟಿ ನೇತಾಡುತ್ತಿತ್ತು. ಕಾರ್ಡನ್ನು ಅದರ ಜೊತೆಗೆ ತೂಗುಹಾಕಿದ.

"ಈಗ ನನ್ನದು," ಎಂದ.

ಒಳಗಿನಿಂದ ಅಪ್ಪ ಅಂಗೈ ಎತ್ತಿ ಅವನನ್ನು ನಿಲ್ಲಿಸಿದರು. ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ತೋಳು ಬೀಸಿ ಒಳಗೆ ಬಿಟ್ಟರು.

ಅಲ್ಲಿಂದ ಮುಂದೆ ಅದೇ ನಮ್ಮ ಕಾನೂನಾಯಿತು. ಕಾರ್ಡು ಮೊಳೆಯ ಮೇಲಿದ್ದರೆ ಅವನು ಬರೀ ಅವನು, ಅವನ ಬಾಯಿಂದ ಬಂದ ಮಾತು ಅಚ್ಚಿಗೆ ಹೋಗಕೂಡದು. ಕೊರಳಲ್ಲಿದ್ದರೆ ಅವನು ಕಂಪನಿ, ನಾನು ಪತ್ರಿಕೆ. ಅವನ ಕಂಪನಿಯ ವಸ್ತುಗಳನ್ನು ಇನ್ನು ಬೇರೆಯವರಿಗೆ ಕೊಡಿ ಎಂದು ಸಂಪಾದಕರಿಗೂ ಹೇಳಿಬಿಟ್ಟೆ. ಅವರು ಯಾಕೆ ಎಂದು ಕೇಳಲಿಲ್ಲ, ನಾನು ಹೇಳಲಿಲ್ಲ. 'ನೀವು' ಎನ್ನುತ್ತಿದ್ದವರು ಯಾವ ಸಂಜೆ 'ನೀನು' ಆದೆವೋ ಇಬ್ಬರಿಗೂ ನೆನಪಿಲ್ಲ.

ಅವನಿಗೆ ಒಂದು ಕೆಟ್ಟ ಚಾಳಿ. ಟೀ ಲೋಟವನ್ನು ಮೂಗಿನ ಮಟ್ಟಕ್ಕೆ ಹಿಡಿದು, ಅದರ ಅಂಚಿನ ಮೇಲಿಂದ ನನ್ನನ್ನೇ ನೋಡುವುದು. ನಾನು ನೋಡಿದರೆ ಲೋಟದೊಳಗೆ ಇಣುಕುವುದು.

"ಏನು ನೋಡ್ತೀಯ?"

"ಪರೀಕ್ಷೆ ಮಾಡ್ತಾ ಇದೀನಿ. ಒಂದಷ್ಟು ದಿನ ಜೊತೆಗಿದ್ದು ನೋಡಿ, ಆಮೇಲೆ ತಾನೆ ಹೇಳ್ಬೇಕು?"

"ಏನಂತ ಬಂತು ಫಲಿತಾಂಶ?"

"ಸದ್ದು ಸ್ವಲ್ಪ ಜಾಸ್ತಿ. ಬೇಗ ಬಿಸಿಯಾಗುತ್ತೆ." ಲೋಟ ಕೆಳಗಿಟ್ಟ. "ಆದ್ರೂ ತಗೊಳ್ಳಿ."

"ಆಮೇಲೆ ವಾಪಸ್ ತಗೊಳ್ಳಲ್ಲ, ನೋಡ್ಕೋ."

"ವಾಪಸ್ ಕೊಡೋ ಮುಖ ನಂದಲ್ಲ," ಎಂದ. ನನ್ನ ಕಿವಿ ಬಿಸಿಯಾಯಿತು. ಅಪ್ಪ ಪೇಪರಿನ ಹಿಂದೆ ಕೆಮ್ಮಿದರು. ಅವರಿಗೆ ಎಲ್ಲ ಕೇಳುತ್ತಿದೆ ಎನ್ನುವುದನ್ನು ನಾವು ಮರೆತಿದ್ದೆವು.

ಅಪ್ಪನ ಕಿವಿ ಆಗ ಅಷ್ಟು ಚುರುಕಾಗಿತ್ತು. ಕೆಳಗೆ ಮೆಟ್ಟಿಲಲ್ಲಿ ಸದ್ದಾದರೆ ಸಾಕು, "ಮಹಾರಾಯ ಬಂದ. ಎಡಗಾಲು ಎಳ್ಕೊಂಡು ಹತ್ತುತ್ತಾನೆ ನೋಡು," ಎನ್ನುತ್ತಿದ್ದರು. ಒಂದು ಸಲವೂ ತಪ್ಪುತ್ತಿರಲಿಲ್ಲ.

ತಪ್ಪಲು ಶುರುವಾದದ್ದು ಯಾವಾಗಿನಿಂದ ಎಂದು ನನಗೆ ಹೊಳೆಯಲೇ ಇಲ್ಲ. ಮೊದಲು ಟೀವಿಯ ದನಿ ಏರಿಸಿದರು. ಆಮೇಲೆ ಟೀವಿ ಹಾಕುವುದನ್ನೇ ಬಿಟ್ಟರು. ಮಾತಾಡುವವರ ತುಟಿ ನೋಡತೊಡಗಿದರು. ಅವನು ಎದುರಿಗೆ ಬಂದು ನಿಂತಾಗಲೇ ಬೆಚ್ಚಿ ತಲೆ ಎತ್ತುತ್ತಿದ್ದರು. "ವಯಸ್ಸಾಯ್ತಲ್ಲ ಮಗಳೇ, ಇದ್ದಬದ್ದ ಕಿವೀನೂ ಹೋಯ್ತು," ಎಂದು ನಕ್ಕರು. ಆ ನಗು ನನಗೆ ನೋಡಲಾಗಲಿಲ್ಲ.

ಪತ್ರಿಕೆಗೂ ಓದುಗರ ಫೋನು ಬರತೊಡಗಿತು. ಒಬ್ಬ ಹೆಂಗಸು ಹೇಳಿದಳು: "ನೀವು ತಗೊಳ್ಳಿ ಅಂದ್ರಿ ಅಂತ ನಮ್ಮಮ್ಮನಿಗೆ ತಗೊಂಡ್ವಿ. ಈಗ ಕೇಳಿಸ್ತಿಲ್ಲ ಅಂತಾರೆ. ಅಂಗಡಿಯವನು ಹಳೇದಾಯ್ತು, ಹೊಸದು ಬರುತ್ತೆ, ಅದನ್ನ ತಗೊಳ್ಳಿ ಅಂತಾನೆ. ನೀವೇನಂತೀರಿ?"

ವಿಚಾರಿಸಿ ಹೇಳ್ತೀನಿ ಎಂದು ಅವಳ ನಂಬರು ಬರೆದುಕೊಂಡೆ.

ಆ ಸಂಜೆ ಅವನು ಬಂದು ಕಾರ್ಡನ್ನು ಮೊಳೆಗೆ ಹಾಕಿ, ಅದರ ಮೇಲೆ ಕೈಯಿಟ್ಟುಕೊಂಡೇ ಸ್ವಲ್ಪ ಹೊತ್ತು ನಿಂತ. ಅವನು ಕೂರುವ ಮೊದಲೇ ಕೇಳಿದೆ.

"ಅಪ್ಪನ ಮಷೀನಿಗೆ ಏನಾಗಿದೆ?"

"ಅದು ಕೆಟ್ಟಿಲ್ಲ," ಎಂದ. "ಕೆಡಿಸಿದ್ದು."

ಕೂತು ಹೇಳಿದ. ಹೊಸ ಮಾದರಿ ಸಿದ್ಧವಾಗಿದೆ. ಹಳೆಯದು ಇಷ್ಟು ಚೆನ್ನಾಗಿ ಕೇಳಿಸುತ್ತಿದ್ದರೆ ಹೊಸದನ್ನು ಯಾರು ಕೊಳ್ಳುತ್ತಾರೆ? ಅದಕ್ಕೆ ಫೋನಿನ ಮೂಲಕ ಹೋಗುವ ಅಪ್‌ಡೇಟಿನಲ್ಲಿ ಹಳೆಯದರ ದನಿಯನ್ನು ಮೆಲ್ಲ ಮೆಲ್ಲಗೆ ತಗ್ಗಿಸುತ್ತಿದ್ದಾರೆ. ಒಮ್ಮೆಲೇ ನಿಂತರೆ ಜನ ಜಗಳಕ್ಕೆ ಬರುತ್ತಾರೆ. ಮೆಲ್ಲಗೆ ತಗ್ಗಿದರೆ ತಮ್ಮ ಕಿವಿಯೇ ಹೋಯಿತು ಎಂದುಕೊಳ್ಳುತ್ತಾರೆ.

"ಇದನ್ನ ತೀರ್ಮಾನ ಮಾಡುವಾಗ ನೀನಿದ್ಯಾ?"

"ಇದ್ದೆ."

"ಏನಂದೆ?"

"ನೀರು ಕುಡಿದೆ."

ನಾನು ಮೊಳೆಯ ಕಡೆ ಬೆರಳು ತೋರಿಸಿದೆ. "ಅದನ್ನ ಹಾಕ್ಕೊಂಡು ಇನ್ನೊಂದ್ಸಲ ಹೇಳು."

ಅವನು ಕಾರ್ಡನ್ನು ನೋಡಿದ. ಏಳಲಿಲ್ಲ. "ಈ ಲೈನಲ್ಲಿ ಬಾಯಿ ಬಿಟ್ಟವನನ್ನ ಆಮೇಲೆ ಯಾರೂ ಬಾಗಿಲಿಗೂ ಸೇರಿಸಲ್ಲ ಕಣೇ. ನನಗೆ ಬೇರೆ ಕೆಲಸ ಗೊತ್ತಿಲ್ಲ."

"ಮತ್ತೆ ನನಗ್ಯಾಕೆ ಹೇಳಿದೆ?"

"ನಿನ್ನ ಹತ್ರ ಸುಳ್ಳು ಹೇಳೋಕಾಗಲ್ಲ."

"ಸುಳ್ಳು ಹೇಳ್ಲಿಲ್ಲ, ಸರಿ. ನಿನ್ನ ತಲೆ ಮೇಲಿನ ಹೊರೆ ತೆಗೆದು ನನ್ನ ತಲೆ ಮೇಲಿಟ್ಟೆ. ಮನೆಗೆ ಹೋಗಿ ಹಾಯಾಗಿ ಮಲಗು."

ಅವನ ಮುಖ ಬಿಳಿಚಿಕೊಂಡಿತು. ಎದ್ದು ಕಾರ್ಡು ತೆಗೆದುಕೊಂಡ. ನಮ್ಮ ಜಗಳದ ಒಂದಕ್ಷರವೂ ಕೇಳದ ಅಪ್ಪ, ಇಷ್ಟು ಬೇಗ ಯಾಕೆ ಹೊರಟ ಎಂದು ಅಂಗೈ ಎತ್ತಿ ತಡೆದರು. ಅವನು ಆ ಅಂಗೈಯನ್ನು ತನ್ನೆರಡೂ ಕೈಯಲ್ಲಿ ಒತ್ತಿ ಹಿಡಿದು, ಬಿಟ್ಟು, ಇಳಿದುಹೋದ.

ಬರೆಯಬಹುದಿತ್ತು. ಬರೆದೆ ಕೂಡ, ಆಮೇಲೆ ಅಳಿಸಿದೆ. ಮೊಳೆಯ ಮೇಲಿನ ಮಾತು ಅಚ್ಚಿಗೆ ಹೋಗಕೂಡದು ಎಂದು ನಾನೇ ಮಾಡಿದ ಕಾನೂನು. ಉಗುಳಿದರೆ ಅವನು ಹಾಳಾಗುತ್ತಾನೆ, ನುಂಗಿದರೆ ನನ್ನನ್ನು ನಂಬಿ ಕೊಂಡವರು. ಕಂಪನಿಗಳ ಮೋಸವನ್ನು ಕೇಳಿ ಬರೆಯುವುದು ಎಷ್ಟು ಸುಲಭವಿತ್ತು, ಆ ಮೋಸದ ಪಕ್ಕದಲ್ಲಿ ನಾನು ಪ್ರೀತಿಸುವವನು ಕೂತಿರದಿದ್ದಾಗ! ಅಪ್ಪನ ಕಿವಿಯ ಬಳಿ ಬಾಗಿ, "ನಿಮ್ಮ ಕಿವಿ ಇನ್ನಷ್ಟು ಹೋಗಿಲ್ಲ ಅಪ್ಪಾ, ಮಷೀನಿನ ತಪ್ಪು," ಎಂದು ಕೂಗಿದೆ. ಅವರು ಕೇಳಿಸಿತು ಎನ್ನುವಂತೆ ತಲೆಯಾಡಿಸಿ, "ಊಟ ಆಮೇಲೆ ಮಾಡ್ತೀನಿ," ಎಂದರು.

ಆ ಕುಂಡದ ಗಿಡಕ್ಕೆ ನೀರು ಹಾಕುವುದನ್ನೂ ಮರೆತಿದ್ದೆ. ಅವನಿಗೆ ಫೋನ್ ಮಾಡಲು ಎತ್ತಿಕೊಂಡಾಗಲೆಲ್ಲ ಏನು ಹೇಳಲಿ ಎಂದು ತಿಳಿಯದೆ ಕೆಳಗಿಡುತ್ತಿದ್ದೆ. ಅವನಿಲ್ಲದೆ ಸಂಜೆಗಳು ಸಾಗುತ್ತಲೇ ಇರಲಿಲ್ಲ. ಕೊನೆಗೆ ಸಂಪಾದಕರಿಗೆ, ಈ ಸಲ ಅಂಕಣವಿಲ್ಲ, ಮುಂದೆಯೂ ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದು ಹೇಳಿದೆ. ತಾನು ಬಲ್ಲದ್ದನ್ನು ಹೇಳಲಾಗದವಳು ಪರರಿಗೆ ತಗೊಳ್ಳಿ, ಬೇಡ ಎಂದು ಹೇಳುವುದಾದರೂ ಹೇಗೆ?

ಒಂದು ಬೆಳಿಗ್ಗೆ ಬೆಲ್ಲಾಯಿತು. ಬಾಗಿಲು ತೆರೆದರೆ ಅವನು. ಇಸ್ತ್ರಿ ಮಾಡಿದ ಅಂಗಿ. ಕೊರಳಲ್ಲಿ ಕಾರ್ಡು.

ಅಪ್ಪ ಅವನನ್ನು ಕಂಡದ್ದೇ ಖುಷಿಯಿಂದ ಎದ್ದು ಬಂದು, ಎಂದಿನ ಹಾಗೆ ಕಾರ್ಡು ಇಸಿದುಕೊಂಡು ಮೊಳೆಗೆ ಹಾಕಲು ಕೈ ಚಾಚಿದರು. ಅವನು ಕಾರ್ಡನ್ನು ಎದೆಗೆ ಒತ್ತಿ ಹಿಡಿದು ಬೇಡವೆಂದು ತಲೆಯಾಡಿಸಿದ. ಸೋಫಾದ ಮೇಲೆ ಕೂರಲಿಲ್ಲ. ಅಡುಗೆಮನೆಯಿಂದ ಮರದ ಕುರ್ಚಿ ತಂದು ನನ್ನ ಮೇಜಿನ ಎದುರು ಹಾಕಿಕೊಂಡು ನೆಟ್ಟಗೆ ಕೂತ.

"ಬರ್ಕೊಳ್ಳಿ ಮೇಡಂ," ಎಂದ.

'ಬರ್ಕೋ' ಅಲ್ಲ, 'ಬರ್ಕೊಳ್ಳಿ'. ಇಷ್ಟು ದಿನದ ಸಲುಗೆಯನ್ನೆಲ್ಲ ಅವನು ಒಂದು ಮಾತಿನಲ್ಲಿ ಮಡಿಸಿ ಪಕ್ಕಕ್ಕಿಟ್ಟಿದ್ದ. ನಾನು ಪೆನ್ನು ತೆಗೆದುಕೊಂಡೆ.

"ನಿಮ್ಮ ಹೆಸರು ಹಾಕಬಹುದಾ?" ಎಂದು ಕೇಳಿದೆ. ನನ್ನ ದನಿ ನನಗೇ ಬೇರೆಯವರದ್ದು ಅನ್ನಿಸಿತು.

"ಹಾಕಿ. ಹುದ್ದೇನೂ ಹಾಕಿ. ಮರೆಯಲ್ಲಿ ಹೇಳಿದ್ದು ಸಾಕಾಯ್ತು."

ಅವನು ಎಲ್ಲ ಹೇಳಿದ. ಯಾರು ಹೇಳಿದರು, ಯಾರು ಒಪ್ಪಿದರು, ತಾನು ನೀರು ಕುಡಿದದ್ದು. ನಾನು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ. ಅಪ್ಪ ನಡುವೆ ನಿಂತು ಒಮ್ಮೆ ಅವನ ತುಟಿ, ಒಮ್ಮೆ ನನ್ನ ಮುಖ ನೋಡುತ್ತಿದ್ದರು.

ಬರೆದು ಮುಗಿಯಿತು. "ಇದು ಅಚ್ಚಾದ್ರೆ ಅವರು ಮೊದಲು ಹುಡುಕೋದು ನಿಮಗೂ ನನಗೂ ಏನು ಸಂಬಂಧ ಅಂತ," ಎಂದೆ. "ಸಿಕ್ಕಿದ ದಿನ, ಇದು ಪ್ರೇಮಿಗಳು ಸೇರ್ಕೊಂಡು ಹೆಣೆದ ಕಥೆ ಅಂದುಬಿಡ್ತಾರೆ. ಅಷ್ಟೂ ನೀರಲ್ಲಿ ಹೋಮ."

"ಗೊತ್ತು. ಅದಕ್ಕೇ ಇಷ್ಟು ದಿನ ತಗೊಂಡೆ. ಕೆಲಸ ಹೋಗೋದಕ್ಕೆ ಅಷ್ಟು ಹೆದರಲಿಲ್ಲ. ಇಲ್ಲಿಗೆ ಬರೋದು ತಪ್ಪುತ್ತಲ್ಲ ಅಂತ ಹೆದರಿದೆ." ಕಾರ್ಡಿನ ದಾರವನ್ನು ಬೆರಳಿಗೆ ಸುತ್ತಿಕೊಂಡ. "ಇದನ್ನ ಹಾಕ್ಕೊಂಡೇ ಒಂದು ಮಾತು ಹೇಳ್ತೀನಿ. ನನಗೆ ನೀವಂದ್ರೆ ಪ್ರಾಣ. ಇದನ್ನ ಯಾರು ಬೇಕಾದ್ರೂ ಅಚ್ಚು ಹಾಕ್ಲಿ."

ಕಾಗದ ಕಾಣಿಸದಷ್ಟು ಕಣ್ಣು ತುಂಬಿತು.

"ನನ್ನ ಬಗ್ಗೆ ಕೊನೇ ಪದ ಏನು ಬರೀತೀರಿ?" ಎಂದು ಕೇಳಿದ. ನಗಲು ನೋಡಿದ, ಆಗಲಿಲ್ಲ.

"ನನ್ನ ಪದ್ಧತಿ ಗೊತ್ತಲ್ಲ ನಿಮಗೆ," ಎಂದೆ. "ವಾಪಸ್ ಕಳಿಸಿದ ಮೇಲೇ ಬರೆಯೋದು."

ಅವನು ತಲೆಯಾಡಿಸಿದ. ಕುರ್ಚಿಯನ್ನು ಎತ್ತಿ ಅಡುಗೆಮನೆಯಲ್ಲಿ ಇದ್ದ ಜಾಗದಲ್ಲೇ ಇಟ್ಟ. ಅಪ್ಪನ ಭುಜ ಮುಟ್ಟಿದ. ಹೊಸ್ತಿಲ ಬಳಿ ಆ ಮೊಳೆಯನ್ನು ಒಮ್ಮೆ ನೋಡಿದ. ಬಾಗಿಲು ಹಾಕಿದ ಮೇಲೂ ಎಡಗಾಲು ಎಳೆಯುವ ಸದ್ದು ಕೆಳಗಿನ ಮಹಡಿಯವರೆಗೆ ನನಗೊಬ್ಬಳಿಗೇ ಕೇಳಿಸುತ್ತಿತ್ತು.

ಸಂಪಾದಕರ ಬಳಿ ಮುಚ್ಚಿಡಲಿಲ್ಲ. "ಅವನು ನನಗೆ ಬೇಕಾದವನು," ಎಂದೆ. "ಇನ್ನು ಮುಂದೆ?" ಎಂದು ಕೇಳಿದರು. "ಇನ್ನು ಮುಂದೆ ಬರಲ್ಲ," ಎಂದೆ. ಅವರು ಬೇರೆ ಕಡೆಯೂ ವಿಚಾರಿಸಿ, ಖಚಿತ ಮಾಡಿಕೊಂಡು ಅಚ್ಚು ಹಾಕಿದರು. ಕಂಪನಿ ಮೊದಲು ಸುಳ್ಳು ಎಂದಿತು, ಆಮೇಲೆ ತಾಂತ್ರಿಕ ದೋಷ ಎಂದಿತು, ಕೊನೆಗೆ ಸದ್ದಿಲ್ಲದೆ ಇನ್ನೊಂದು ಅಪ್‌ಡೇಟು ಕಳಿಸಿತು. ಅವನನ್ನು ಮಾತ್ರ ಮೊದಲ ದಿನವೇ ಕೆಲಸದಿಂದ ತೆಗೆದುಬಿಟ್ಟರು. ಅವನು ಊರು ಬಿಟ್ಟನೆಂದು ಕೇಳಿದೆ. ಎಲ್ಲಿಗೆ ಎಂದು ಕೇಳಬಾರದೆಂದು ಕೇಳಲಿಲ್ಲ.

ಅಪ್ಪನಿಗೆ ಈಗ ಎಲ್ಲ ಕೇಳುತ್ತದೆ. ಪಾರಿವಾಳ ರೆಕ್ಕೆ ಬಡಿಯುವುದು, ಪಕ್ಕದ ಮನೆಯ ನಲ್ಲಿ ಸೋರುವುದು, ನನ್ನ ಗೊಣಗಾಟ. ಸಂಜೆ ಮೆಟ್ಟಿಲಲ್ಲಿ ಸದ್ದಾದರೆ ಪೇಪರು ತಗ್ಗಿಸಿ ಕಿವಿಗೊಡುತ್ತಾರೆ. ಅವರ ಲೆಕ್ಕ ತಪ್ಪುವುದಿಲ್ಲ.

"ಅವನಲ್ಲ," ಎನ್ನುತ್ತಾರೆ.

ನಾನು ಆದರೂ ಎದ್ದು, ಬಾಗಿಲು ತೆರೆದು ನೋಡಿ ಬರುತ್ತೇನೆ.